ಸಗಣಿ ಸಾರಿಸಿದ ಟೆನಿಸ್ ಕೋರ್ಟು

ನಿವೃತ್ತರಾದವರನ್ನು ಜನ ಎರಡೇ ಕೆಲಸಕ್ಕೆ ನೆನೆಯುತ್ತಾರೆ. ಒಂದು, ಮದುವೆ ಮನೆಯಲ್ಲಿ ಉಡುಗೊರೆ ಕಾಯಲು. ಇನ್ನೊಂದು, ಇತಿಹಾಸ ಬರೆಯಲು. ಮೊದಲನೆಯದರಲ್ಲಿ ಊಟವಾದರೂ ಸಿಗುತ್ತದೆ. ಎರಡನೆಯದು ಹೋದ ತಿಂಗಳು ನನ್ನ ತಲೆಗೆ ಬಂತು. ನಾನು ಕನ್ನಡ ಪಾಠ ಮಾಡುತ್ತಿದ್ದ ರಾಮನಗರದ ಹೆಣ್ಣುಮಕ್ಕಳ ಕಾಲೇಜಿನ ಈಗಿನ ಪ್ರಿನ್ಸಿಪಾಲರು ಫೋನ್ ಮಾಡಿ, "ಮೇಡಂ, ಬೆಳ್ಳಿಹಬ್ಬದ ಸ್ಮರಣಸಂಚಿಕೆಗೆ ನಮ್ಮ ಮಹಿಳಾ ಟೆನಿಸ್ ಚಾಂಪಿಯನ್‌ಶಿಪ್ಪಿನ ಇತಿಹಾಸ ಎರಡು ಪುಟ ಬರೆದುಕೊಡಿ. ನಡೆಸಿದವರು ನೀವೇ ಅಲ್ಲವೇ?" ಎಂದರು. ಆಮೇಲೆ ದನಿ ತಗ್ಗಿಸಿ, "ಸ್ವಲ್ಪ ಸಂತೋಷವಾಗಿರಲಿ" ಎಂದೂ ಸೇರಿಸಿದರು. ಮೂರೇ ವರ್ಷ ನಡೆದು ಸತ್ತುಹೋದ ಪಂದ್ಯಾವಳಿಯ ಬಗ್ಗೆ ಸಂತೋಷವಾಗಿ ಬರೆಯುವುದೆಂದರೆ ಸೂತಕದ ಮನೆಯಲ್ಲಿ ಸೋಬಾನೆ ಹಾಡಿದಂತೆ. ಆದರೂ ಒಪ್ಪಿಕೊಂಡೆ. ಆಗುವುದಿಲ್ಲ ಎನ್ನಲು ಬಾರದಿರುವುದು ನನ್ನ ಹುಟ್ಟುಗುಣ. ಟೆನಿಸ್ ನನ್ನ ಕೊರಳಿಗೆ ಬಿದ್ದದ್ದೂ ಹಾಗೆಯೇ.

ಅದು ಹೆದ್ದಾರಿಯ ಎರಡೂ ಬದಿಗೆ ಕಾರ್ಖಾನೆಗಳು ಅಣಬೆಯಂತೆ ಏಳುತ್ತಿದ್ದ ಕಾಲ. ನಮ್ಮ ಕಾಲೇಜಿನ ಬೆನ್ನಿಗೇ ಒಂದು ಗಾರ್ಮೆಂಟ್ಸ್ ಎದ್ದಿತು. ಅದರ ಮ್ಯಾನೇಜರು ಒಂದು ದಿನ ಬಂದು, ಹೆಣ್ಣುಮಕ್ಕಳ ಏಳಿಗೆಗೆ ಏನಾದರೂ ಮಾಡಬೇಕೆಂದಿದ್ದೇವೆ, ಏನು ಬೇಕು ಕೇಳಿ ಎಂದರು. ನಾವು ಶೌಚಾಲಯ ಕೇಳಿದೆವು. ಅವರು ಟೆನಿಸ್ ಕೊಟ್ಟರು. ಶೌಚಾಲಯದ ಮುಂದೆ ನಿಂತು ಕಪ್ಪು ಹಿಡಿದು ಫೋಟೊ ತೆಗೆಸಿಕೊಳ್ಳಲು ಆಗುವುದಿಲ್ಲ ಎಂಬುದು ನಮಗೆ ತಡವಾಗಿ ಹೊಳೆಯಿತು. ಬಲೆ ಬಂತು, ರ‍್ಯಾಕೆಟ್ಟುಗಳು ಬಂದವು, ಮಗುವನ್ನು ಕೂರಿಸಬಹುದಾದಷ್ಟು ದೊಡ್ಡ ಕಪ್ಪು ಬಂತು. ವ್ಯಾಯಾಮ ಶಿಕ್ಷಕರ ಹುದ್ದೆ ಮಾತ್ರ ಮೊದಲಿನಂತೆ ಖಾಲಿಯೇ ಇತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಎತ್ತರ ನಾನೇ ಇದ್ದುದರಿಂದ, ಬಲೆಯ ಆಚೆ ಏನು ನಡೆಯುತ್ತದೆಂದು ಇವರಿಗಾದರೂ ಕಾಣುತ್ತದೆ ಎಂದು ನನ್ನನ್ನೇ ಉಸ್ತುವಾರಿಗೆ ಹಾಕಿದರು. ಅಲ್ಲಿಯವರೆಗೆ ನಾನು ಹಿಡಿದಿದ್ದ ಬ್ಯಾಟೆಂದರೆ ಸೊಳ್ಳೆ ಹೊಡೆಯುವುದೊಂದೇ. ಅದರಲ್ಲೂ ನನ್ನ ಗುರಿ ಅಷ್ಟಕ್ಕಷ್ಟೆ.

ಕೋರ್ಟು ಮಾಡಿಸುವ ಹೊಣೆಯನ್ನು ನಾನು ಕಾಲೇಜಿನ ಆಯಾ ಚಿಕ್ಕತಾಯಮ್ಮನಿಗೆ ದಾಟಿಸಿದೆ. ಚಿತ್ರ ತೋರಿಸಿ, ನೆಲ ಹೀಗೆ ಮಟ್ಟಸವಾಗಿ ಗಟ್ಟಿಯಾಗಿರಬೇಕಂತೆ ಎಂದೆ. "ಅಷ್ಟೇಯಾ ಮೇಡಮ್ಮೋರೆ? ಕಣ ತಾನೆ? ನಾನ್ ಮಾಡುಸ್ಬುಡ್ತೀನಿ" ಎಂದಳು. ಕೆರೆಮಣ್ಣು ಹೊಡೆಸಿ, ನೀರು ಚಿಮುಕಿಸಿ, ತಮ್ಮನ ಎತ್ತು ತರಿಸಿ ಕಲ್ಲುಗುಂಡು ಉರುಳಿಸಿ, ಮೇಲೆ ಸಗಣಿ ಸಾರಿಸಿದಳು. ಮೂಲೆಯಲ್ಲಿ ಸಗಣಿಯ ಬೆನಕನನ್ನು ಕೂರಿಸಿ ತಲೆಗೆ ಗರಿಕೆ ಸಿಕ್ಕಿಸಿದಳು. ರಾಗಿ ಒಕ್ಕಲು ಇದಕ್ಕಿಂತ ಒಳ್ಳೆಯ ಕಣ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಚೆಂಡೂ ಚೆನ್ನಾಗಿಯೇ ಪುಟಿಯಿತು. ಆದರೆ ಕಣಕ್ಕೆ ನಮ್ಮ ಕಡೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಇಳಿಯುವುದಿಲ್ಲ, ಅದು ಅನ್ನ ಬೀಳುವ ಜಾಗ. ನಮ್ಮ ಹುಡುಗಿಯರು ಮುಕ್ಕಾಲು ಪಾಲು ಒಕ್ಕಲು ಮನೆಯವರು. ಸಗಣಿ ವಾಸನೆ ಮೂಗಿಗೆ ಬಡಿದದ್ದೇ ತಡ, ಯಾರೂ ಹೇಳದೆ ಚಪ್ಪಲಿಯನ್ನು ಗೆರೆಯಾಚೆ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಆಡಲು ಇಳಿದರು. ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ಬಂದವರೂ ಹಾಗೆಯೇ ಮಾಡಿದರು.

ನಾಲ್ಕೇ ಕಾಲೇಜಾದ್ದರಿಂದ ಪಂದ್ಯಾವಳಿ ಸೆಮಿಫೈನಲ್ಲಿನಿಂದಲೇ ಶುರುವಾಗುತ್ತಿತ್ತು. ಬಸ್ಸು ತಪ್ಪಿಸಿಕೊಳ್ಳದೆ ಬಂದವರೆಲ್ಲ ಸೆಮಿಫೈನಲ್ ತಲುಪಿದವರೇ. ಎರಡನೆಯ ವರ್ಷ ಕನಕಪುರದವರು ಕಬ್ಬಾಳಮ್ಮನಿಗೆ ಕೈಮುಗಿದು ಬರುತ್ತೇವೆಂದು ಕಬ್ಬಾಳಿಗೆ ಹೋದವರು ಇತ್ತ ತಲೆಹಾಕಲೇ ಇಲ್ಲ. ತಾಯಿಯ ಆಶೀರ್ವಾದ ಅವರಿಗೆ, ಫೈನಲ್ಲು ಎದುರಾಳಿಗಳಿಗೆ. ಚನ್ನಪಟ್ಟಣದ ಮುಬೀನಾಳ ರ‍್ಯಾಕೆಟ್ಟಿನ ಹಿಡಿ ಮುರಿದಾಗ, ಬೊಂಬೆ ಮಾಡುವ ಅವಳಪ್ಪ ಹೊಸ ಹಿಡಿ ಕಡೆದು ಕೆಂಪು ಹಳದಿ ಅರಗು ಏರಿಸಿಕೊಟ್ಟಿದ್ದರು. ಅದು ಆಡುವುದಕ್ಕಿಂತ ತೊಟ್ಟಿಲಿಗೆ ಕಟ್ಟಲು ಮಾಡಿಸಿದ ಹಾಗಿತ್ತು. ನಗುತ್ತಿದ್ದೆವು ಆಗ. ಇಷ್ಟಕ್ಕೇ ನಿಲ್ಲಿಸಿದ್ದರೆ ಪ್ರಿನ್ಸಿಪಾಲರು ಕೇಳಿದಂಥ ಇತಿಹಾಸವಾಗುತ್ತಿತ್ತು.

ನಮ್ಮ ಕಾಲೇಜಿನ ಆಟಗಾರ್ತಿ ಭಾಗ್ಯ. ಮಾಗಡಿ ಕಡೆಯ ಕಲ್ಯದ ಹುಡುಗಿ, ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಕಸುವಿನ ಕೈ, ಜಿಂಕೆ ಕಾಲು. ವ್ಯಾಯಾಮ ಶಿಕ್ಷಕಿಯಾಗಬೇಕೆಂಬುದು ಅವಳ ಒಂದೇ ಆಸೆ. ಮೂರನೆಯ ವರ್ಷ ಕಂಪನಿಯವರು, ಗೆದ್ದವಳಿಗೆ ಬೆಂಗಳೂರಿನಲ್ಲಿ ಆ ತರಬೇತಿಯ ಸೀಟು, ಹಾಸ್ಟೆಲ್, ಎರಡರ ಖರ್ಚೂ ನಮ್ಮದು ಎಂದು ಸಾರಿದರು. ಭಾಗ್ಯಳ ಅಪ್ಪ ನನ್ನ ಹತ್ತಿರ ಬಂದು ಕೈಕಟ್ಟಿಕೊಂಡು ನಿಂತು, "ಗೆದ್ರೆ ಓದ್ಲಿ ಮೇಡಮ್ಮೋರೆ, ನಾನ್ ಬ್ಯಾಡ ಅನ್ನಕಿಲ್ಲ. ಸೋತ್ರೆ ಮಾತ್ರ ಗಾರ್ಮೆಂಟ್ಸ್‌ಗೆ ಹೋಗ್ಲಿ. ಇವಳ ಹಿಂದೆ ಇನ್ನೂ ಇಬ್ರವ್ರೆ" ಎಂದ. ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಭಾಗ್ಯ ಅಂದಿನಿಂದ ದಿನಾ ಬೆಳಿಗ್ಗೆ ಕಾಲೇಜಿನ ಗೋಡೆಗೆ ಚೆಂಡು ಹೊಡೆಯತೊಡಗಿದಳು. ಗೋಡೆಯ ಸುಣ್ಣ ಉದುರಿತು.

ಫೈನಲ್ಲಿನ ದಿನ ಎದುರಾಳಿ ಮುಬೀನಾ. ದೊಡ್ಡವರು ಬರುತ್ತಾರೆಂದು ಚಿಕ್ಕತಾಯಮ್ಮ ಬೆಳಗಿನ ಜಾವವೇ ಎದ್ದು ಕಣವನ್ನು ಹೊಸದಾಗಿ ಸಾರಿಸಿದ್ದಳು, ಮರ್ಯಾದೆಗೆಂದು ಒಸಿ ದಪ್ಪಕ್ಕೇ. ಮ್ಯಾನೇಜರು ಕ್ಯಾಮೆರಾದವನೊಂದಿಗೆ ಬಂದವರು ಹುಡುಗಿಯರ ಕಾಲು ನೋಡಿ ಬೆಚ್ಚಿದರು. "ಬರಿಗಾಲಿನ ಫೋಟೊ ಹೋದರೆ ಫಾರಿನ್ ಬಯ್ಯರುಗಳು ನಮ್ಮ ಬಗ್ಗೆ ಏನಂದುಕೊಳ್ತಾರೆ? ಶೂ ಹಾಕದವರಿಗೆ ಆಟವಿಲ್ಲ" ಎಂದು ಕಾರಿನಿಂದ ಎರಡು ಜೊತೆ ಹೊಸ ಬಿಳಿ ಶೂ ತೆಗೆಸಿದರು. ನಾನು ಕಣದ ಮಹಿಮೆಯನ್ನು ಅಚ್ಚಗನ್ನಡದಲ್ಲಿ ವಿವರಿಸಿದೆ. ಅವರು ಗಡಿಯಾರ ನೋಡಿಕೊಂಡರು. ಭಾಗ್ಯ ಗೆರೆಯ ಮೇಲೆ ಶೂ ಹಿಡಿದು ನಿಂತು, "ಮೇಡಂ, ಊರಲ್ಲಿ ಒಕ್ಕಣೆ ನಡೀತೈತೆ. ಇಲ್ಲಿ ಮೆಟ್ಟಾಕ್ಕೊಂಡು ತುಳುದ್ರೆ ಅಲ್ಲಿ ಕೆಟ್ಟದಾಗಾಕಿಲ್ವಾ?" ಎಂದಳು. ನನಗಿಂತ ಮೊದಲು ಚಿಕ್ಕತಾಯಮ್ಮನೇ, "ಹಾಕ್ಕೊ ಮಗಾ. ಭೂಮ್ತಾಯಿ ಇಷ್ಟಕ್ಕೆಲ್ಲ ಮುನುಸ್ಕೊಳಾಕಿಲ್ಲ" ಎಂದಳು. ಭಾಗ್ಯ ನೆಲ ಮುಟ್ಟಿ ಕೆನ್ನೆ ಬಡಿದುಕೊಂಡು ಶೂ ಹಾಕಿಕೊಂಡಳು.

ಭೂಮಿತಾಯಿ ಮುನಿಸಿಕೊಳ್ಳಲಿಲ್ಲ, ಸಗಣಿ ಒಣಗಿರಲಿಲ್ಲ, ಅಷ್ಟೆ. ಬರಿಗಾಲ ಬೆರಳು ನೆಲವನ್ನು ಕಚ್ಚಿ ಹಿಡಿಯುತ್ತದೆ, ಹೊಸ ಶೂ ಜಾರುತ್ತದೆ. ಮುಬೀನಾ ಬುದ್ಧಿವಂತೆ, ನಿಂತ ಕಡೆಯಿಂದ ಕದಲಲಿಲ್ಲ. ಭಾಗ್ಯಳಿಗೆ ಓಡದೆ ಆಡಲು ಬರುತ್ತಿರಲಿಲ್ಲ. ಆದರೂ ಅವಳೇ ಮುಂದಿದ್ದಳು. ಇನ್ನೇನು ಗೆದ್ದೇ ಬಿಟ್ಟಳು ಅನ್ನುವಾಗ ಬಲೆಯ ಹತ್ತಿರ ಬಿದ್ದ ಒಂದು ಚೆಂಡಿಗೆ ಓಡಿ, ಜಾರಿ, ಬಲಗೈ ಮೇಲೆ ಬಿದ್ದಳು. ಮೂಳೆ ಮುರಿದ ಸದ್ದು ನಾನಿದ್ದಲ್ಲಿಗೂ ಕೇಳಿಸಿತು. "ಏಳೇ ಭಾಗ್ಯ, ಏಳೇ" ಎಂದು ಮುಬೀನಾ ರ‍್ಯಾಕೆಟ್ಟು ಬಿಸಾಕಿ ಬಲೆಯಡಿ ನುಸುಳಿ ಓಡಿ ಬಂದಳು. ಅಳುತ್ತಿದ್ದ ಮುಬೀನಾಳನ್ನೇ ಗೆದ್ದವಳೆಂದು ನಿಲ್ಲಿಸಿ, ಕಣ್ಣೊರೆಸಿ, ಕೈಗೆ ಕಪ್ಪು ಕೊಟ್ಟು ಫೋಟೊ ತೆಗೆದರು. ಶೂ ಚೆನ್ನಾಗಿ ಬಂದಿದೆ. ನನಗೆ ಆ ದಿನ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ. ಮನೆಗೆ ಹೋಗಿ ಯಜಮಾನರ ಮೇಲೆ ತೀರಿಸಿಕೊಂಡೆ.

ಸೀಟಿನ ಪತ್ರ ಚನ್ನಪಟ್ಟಣ ತಲುಪುವ ಹೊತ್ತಿಗೆ ಮುಬೀನಾ ಗಂಡನ ಮನೆ ಸೇರಿದ್ದಳು. ಅದು ಯಾರಿಗೂ ದಕ್ಕಲಿಲ್ಲ. ಭಾಗ್ಯಳ ಬಗ್ಗೆ ಕಂಪನಿಗೆ ಕನಿಕರವಾಯಿತು. ಕೈಯ ಪಟ್ಟಿ ಬಿಚ್ಚಿದ ಮೇಲೆ ಕರೆದು ಹೊಲಿಗೆಯ ಕೆಲಸ ಕೊಟ್ಟರು. ಮರುವರ್ಷ ಕಾರ್ಖಾನೆ ದೊಡ್ಡದಾಗಿ ಅದರ ಬಸ್ಸುಗಳಿಗೆ ಜಾಗ ಸಾಲದೆ ಬಂತು. ಕಾಲೇಜಿನ ಆಡಳಿತದವರು ಕೋರ್ಟನ್ನೇ ಬಿಟ್ಟುಕೊಟ್ಟರು. ಟಾರು ಹಾಕುವ ದಿನ ಚಿಕ್ಕತಾಯಮ್ಮ, "ನನ್ ಕೈಯಾಗೆ ಮಾಡಿದ ಕಣಗಳಾಗೆ ಒಂದು ಕಾಳೂ ಬೀಳದ್ದು ಇದೊಂದೇಯಾ" ಎಂದು ಸೆರಗು ಕೊಡವಿ ಹೊರಟುಹೋದಳು.

ಬರೆಯುವ ಮುನ್ನ ಜಾಗ ನೋಡಿ ಬರೋಣವೆಂದು ಮೊನ್ನೆ ಸಂಜೆ ಹೋಗಿದ್ದೆ. ಕಣವಿದ್ದಲ್ಲಿ ಬಸ್ಸುಗಳ ಸಾಲು, ಸಿಮೆಂಟು ಬೆಂಚು. ಪಾಳಿ ಬಿಟ್ಟಿತ್ತು. "ಮೇಡಂ!" ಎಂದು ಕೂಗುತ್ತಾ ಭಾಗ್ಯ ಬಂದು ಪಕ್ಕದಲ್ಲಿ ಕೂತಳು. ಬಲಗೈ ಇನ್ನೂ ಒಂದಿಷ್ಟು ಸೊಟ್ಟ. ಕೆಲಸ ಹೇಗೆ ಎಂದೆ. "ಪರ್ವಾಗಿಲ್ಲ ಮೇಡಂ. ಒಳಕ್ಕೆ ಮಾತ್ರ ಚಪ್ಲಿ ಹಾಕ್ಕೊಂಡು ಬುಡಾಕಿಲ್ಲ. ಬಟ್ಟೆ ಕೊಳೆ ಆಯ್ತದೆ ಅಂತ ಬಾಗ್ಲಲ್ಲೇ ಬುಡುಸ್ತಾರೆ. ದಿನಾ ಬರಿಗಾಲೇ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮಾತು ಬದಲಿಸಲೆಂದು ನನ್ನ ಕಥೆ ಹೇಳಿಕೊಂಡೆ. ಆಮೇಲೆ ನಾನು ಹೋದ ಪ್ರಿನ್ಸಿಪಾಲ್ ಹುದ್ದೆಯ ಸಂದರ್ಶನದಲ್ಲಿ ಕನ್ನಡದ ಬಗ್ಗೆ ಒಂದು ಮಾತೂ ಕೇಳದೆ, ಕಂಪನಿಯವರು ಮೆಚ್ಚಿ ಬರೆದಿದ್ದ ಆ ಟೆನಿಸ್ಸನ್ನೇ ಹೊಗಳಿ ಹುದ್ದೆ ಕೊಟ್ಟಿದ್ದರು. ಪಿಂಚಣಿಯೂ ಆ ಹುದ್ದೆಯ ಲೆಕ್ಕದಲ್ಲೇ ಬರುತ್ತಿದೆ ಎಂದೆ. ತಮಾಷೆ ಎಂದುಕೊಂಡೇ ಹೇಳಿದ್ದು.

ಭಾಗ್ಯ ಕಣ್ಣರಳಿಸಿದಳು. "ಹೌದಾ ಮೇಡಂ? ಹಂಗಾರೆ ಗೆದ್ದೋರು ನೀವೇ ಕಣ್ ಬುಡಿ. ಯಾರ‍್ಗೂ ಏನೂ ಸಿಗ್ಲಿಲ್ವಲ್ಲ ಅಂದ್ಕೊಂಡಿದ್ದೆ" ಎಂದಳು.

ಕೊಂಕಿನ ಮಾತಲ್ಲ ಅದು, ನಿಜವಾಗಿ ಸಂತೋಷಪಟ್ಟಳು. ಕೊಂಕಾಗಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸು ಹಾರನ್ ಹೊಡೆಯಿತು, "ಬತ್ತೀನಿ ಮೇಡಂ" ಎಂದು ಓಡಿದಳು. ನಾನು ಕಾಲು ನೋಡಿಕೊಂಡೆ. ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದೆ. ಮೆಲ್ಲನೆ ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡೆ.