ಮಾವನವರು ಪಾಂಪೇ ನೋಡಿದ ದಿನ

ಜನರನ್ನು ಕರೆದುಕೊಂಡು ಹೋಗಿ ಊರು ತೋರಿಸುವ ಕೆಲಸದಲ್ಲಿ ಒಂದು ಸುಖ ಇದೆ. ನಗುವುದಕ್ಕೆ ಬೇರೆ ಎಲ್ಲೂ ಹೋಗಬೇಕಾಗಿಲ್ಲ, ಬಸ್ಸು ಹತ್ತಿದರೆ ಸಾಕು. ಕಷ್ಟ ಏನೆಂದರೆ ಆ ಹೊತ್ತಿನಲ್ಲಿ ನಗು ಬರುವುದಿಲ್ಲ, ಅಳು ಬರುತ್ತದೆ. ನಗು ಬರುವುದೆಲ್ಲ ಮನೆ ಸೇರಿ, ಎರಡು ದಿನ ಮಲಗಿ ಎದ್ದ ಮೇಲೆ.

ನಾನು ದಾವಣಗೆರೆಯವಳು. ಮದುವೆಯಾಗಿ ಬಂದದ್ದು ತಮಿಳುನಾಡಿನ ಮೆಟ್ಟುಪಾಳ್ಯಂ ಪಕ್ಕದ ಸಿರುಮುಗೈಗೆ, ರೇಷ್ಮೆ ಸೀರೆ ನೇಯುವ ಕನ್ನಡದವರ ಮನೆಗೆ. ಕೊಯಮತ್ತೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ತೆಪ್ಪಗೆ ಟಿಕೆಟ್ ಮಾಡಿಕೊಂಡಿದ್ದೆ. ಒಂದು ದಿನ ಓನರ್ ಕರೆದು, "ನಿಮ್ಮ ಜನವೇ ಇಪ್ಪತ್ತು ಮಂದಿ ಹಡಗಿನಲ್ಲಿ ಇಟಲಿ ಕಡೆ ಸುತ್ತಬೇಕಂತೆ. ಅವರ ಭಾಷೆ ಬರೋದು ನಿನಗೆ. ನೀನೇ ಹೋಗು" ಎಂದರು. ನಾನು ಹಿಗ್ಗಿ ಹೀರೇಕಾಯಿ ಆಗುವಷ್ಟರಲ್ಲಿ ಮುಂದಿನ ಮಾತು ಬಂತು. "ಹಡಗು ಯಾರಿಗೂ ಕಾಯೋದಿಲ್ಲ. ಒಬ್ಬರು ಹಿಂದೆ ಉಳಿದರೂ ನೀನೂ ಅಲ್ಲೇ ಉಳಿದುಬಿಡಮ್ಮ. ಆಫೀಸಿಗೆ ಬರಬೇಡ."

ಇದು ಸಾಲದು ಅಂತ ನಮ್ಮತ್ತೆಯವರು ಮಾವನವರನ್ನೂ ಗುಂಪಿಗೆ ಸೇರಿಸಿದರು. ಎಪ್ಪತ್ತು ದಾಟಿದ ಮನುಷ್ಯ, ಹತ್ತನೇ ವಯಸ್ಸಿಗೆ ನೆಲದಲ್ಲಿ ತೋಡಿದ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ನೇಯಲು ಕೂತವರು, ಊರು ಬಿಟ್ಟು ಹೋಗಿದ್ದೆಂದರೆ ಆನೈಮಲೈ ಮಾಸಾಣಿ ಅಮ್ಮನ ಗುಡಿಗೆ. "ನನಗೆ ಮಂಡಿ ನೋವು, ಅವರಾದರೂ ಲೋಕ ನೋಡಲಿ. ಜೋಪಾನವಾಗಿ ಕರೆದುಕೊಂಡು ಬಾ. ಒಬ್ಬಳೇ ಬಂದರೆ ನಾನು ಬಾಗಿಲು ತೆಗೆಯಲ್ಲ" ಎಂದರು ಅತ್ತೆ. ಕೆಲಸವೂ ಹೋಗಿ ಮನೆಯೂ ಹೋಗುವ ಏರ್ಪಾಡು!

ಹಡಗು ನೇಪಲ್ಸ್ ಬಂದರಿಗೆ ಬಂದ ದಿನ ನಡೆದದ್ದನ್ನಷ್ಟೇ ಹೇಳುತ್ತೇನೆ. ಬೆಳಿಗ್ಗೆ ಇಳಿದು ಸೊರೆಂಟೊ ಎಂಬ ಹಳೆಯ ಊರು ನೋಡುವುದು, ಮಧ್ಯಾಹ್ನ ಪಾಂಪೇ ನೋಡುವುದು, ಮೂರೂವರೆಗೆ ಬಸ್ಸು ಬಿಟ್ಟು ಐದಕ್ಕೆ ಹಡಗು ಸೇರುವುದು. ನಮಗೊಬ್ಬರು ಇಟಲಿಯ ಗೈಡಮ್ಮ, ಕೈಯಲ್ಲಿ ಕೆಂಪು ಛತ್ರಿ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡ, ತಮಿಳು ಎರಡೂ ಬೆರೆಸಿ ಹೇಳುವುದು.

೧. ಬೂದು ಬಣ್ಣದ ಬನಿಯನ್

ಸೊರೆಂಟೊ ಊರು ಸಮುದ್ರದ ದಂಡೆಯಲ್ಲಿಲ್ಲ, ಸಮುದ್ರದ ತಲೆಯ ಮೇಲಿದೆ. ಕಡಿದಾದ ಬಂಡೆ, ಬಂಡೆಯ ಅಂಚಿನವರೆಗೂ ಮನೆಗಳು, ಕೆಳಗೆ ನೋಡಿದರೆ ನೀಲಿ ನೀರು. ಬಸ್ಸಿಳಿದು ಕಟಕಟೆ ಹಿಡಿದು ನಿಂತ ನಮ್ಮ ಜನ, ಮೂರು ದಿನದಿಂದ ಒಂದು ಗಳಿಗೆಯೂ ಬಾಯಿ ಮುಚ್ಚದ ಜನ, ಗಪ್ಪಾಗಿಬಿಟ್ಟರು. ಇಂಥದ್ದನ್ನೆಲ್ಲ ನೋಡುವ ಯೋಗ ನನಗೆ ಇದೆ ಅಂತ ಯಾರು ಅಂದುಕೊಂಡಿದ್ದರು!

ಆ ಮೌನ ಮುರಿದದ್ದು ಡೈಯಿಂಗ್ ಅಣ್ಣ. ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇಟ್ಟಿರುವುದರಿಂದ ಎಲ್ಲರೂ ಅವರನ್ನು ಹಾಗೇ ಕರೆಯುವುದು. ತಿರುಪ್ಪೂರಿನವರಿಗೆ ಒಂದು ಚಾಳಿ ಉಂಟು. ಎದುರಿಗೆ ಬನಿಯನ್, ಟೀ ಶರ್ಟಿನ ಬಟ್ಟೆ ಕಂಡರೆ ಅದರ ಅಂಚು ಮಗುಚಿ, ಎರಡು ಬೆರಳಲ್ಲಿ ಉಜ್ಜಿ, ಹೊಲಿಗೆ ನೋಡಲೇಬೇಕು. ಆ ಬಟ್ಟೆಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವುದು ಆಮೇಲಿನ ಮಾತು.

ಕಲ್ಲುಹಾಸಿನ ಗಲ್ಲಿಯಲ್ಲಿ ಒಂದು ಕಾಫಿ ಅಂಗಡಿ. ಬಾಗಿಲಲ್ಲಿ ಬೂದು ಬಣ್ಣದ ಟೀ ಶರ್ಟ್ ಹಾಕಿದ ಸಪ್ಲೈಯರ್ ನಿಂತಿದ್ದ. ಅಣ್ಣ ನೇರ ಹೋಗಿ ಅವನ ಅಂಗಿಯ ಅಂಚು ಹಿಡಿದು ಮಗುಚಿದರು. ಪಾಪ, ಅವನು ಪೊಲೀಸರು ಜೇಬು ತಡಕುವಾಗ ನಿಲ್ಲುವಂತೆ ಎರಡೂ ಕೈ ಮೇಲೆತ್ತಿದ. ನಾನು ಓಡಿಹೋಗಿ ಕ್ಷಮೆ ಕೇಳುತ್ತಿದ್ದರೆ ಅಣ್ಣನಿಗೆ ಅದರ ಪರಿವೆಯೇ ಇಲ್ಲ.

"ಎಂಥ ಬೂದು ಬಣ್ಣ ಇದು, ಕಣ್ಣು! ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಇಷ್ಟು ಮೆತ್ತಗಿನ ಬೂದು ನನ್ನ ಕೈಲಿ ಬಂದಿಲ್ಲ. ಯಾರು ಹಾಕಿದ ಬಣ್ಣ ಅಂತ ಕೇಳು" ಎಂದರು. ನಮ್ಮ ಕೊಯಮತ್ತೂರು ಕಡೆಯ ಕೊಂಗುನಾಡಿನಲ್ಲಿ ಪ್ರೀತಿ ಬಂದಾಗ ಎಲ್ಲರೂ ಎಲ್ಲರಿಗೂ ಕಣ್ಣೇ.

ನಾನು ಕೇಳಿದೆ. ಸಪ್ಲೈಯರ್ ಇನ್ನೂ ಕೈ ಇಳಿಸದೆ ಹೇಳಿದ. "ತಗೊಂಡಾಗ ಇದು ಕಪ್ಪಾಗಿತ್ತು."

ಅಣ್ಣ ಒಳಗಿನ ಲೇಬಲ್ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದರು. ಮೆಲ್ಲಗೆ ಅಂಚು ಕೆಳಗೆ ಬಿಟ್ಟು, ಅವನ ಹೊಟ್ಟೆಯ ಮೇಲೆ ನೀಟಾಗಿ ಸವರಿ, ನನ್ನ ಕಿವಿಯಲ್ಲಿ ಅಂದರು: "ಬೇಗ ನಡಿ ಕಣ್ಣು. ಇದು ನಮ್ಮದೇ."

೨. ತೊಟ್ಟಿಗಳ ಮನೆ

ಪಾಂಪೇ ಬಗ್ಗೆ ಏನು ಹೇಳಲಿ? ಎರಡು ಸಾವಿರ ವರ್ಷದ ಹಿಂದೆ ಬೆಟ್ಟ ಬೆಂಕಿ ಕಾರಿ, ಬೂದಿಯಲ್ಲಿ ಹೂತುಹೋದ ಊರು. ಈಗ ಅಗೆದು ತೆಗೆದಿದ್ದಾರೆ. ಹಾಳೂರು ಅಂದರೆ ನಾನು ನಾಲ್ಕು ಕಂಬ, ಎರಡು ಗೋಡೆ ಅಂದುಕೊಂಡಿದ್ದೆ. ಅಲ್ಲಿ ಇಡೀ ಊರೇ ಇದೆ ಕಣ್ರೀ! ಬೀದಿ, ಓಣಿ, ಅಂಗಡಿ, ನೀರಿನ ಕೊಳಾಯಿ. ಗಾಡಿಯ ಚಕ್ರ ಓಡಾಡಿ ಕಲ್ಲಿನಲ್ಲಿ ಬಿದ್ದ ಗೀರು ಕೂಡ ಹಾಗೇ ಇದೆ. ನಾನು ಆ ಗೀರಿನಲ್ಲಿ ಕಾಲಿಟ್ಟೆ, ಮೈ ಜುಮ್ಮೆಂದಿತು. ಆ ಗಾಡಿ ಹೊಡೆದವನು ಅವತ್ತು ಬೆಳಿಗ್ಗೆ ಏನು ತಿಂದು ಹೊರಟಿದ್ದನೋ ಏನೋ ಅನಿಸಿತು.

ನಮ್ಮ ಮಾವನವರು ಮಾತ್ರ ಯಾವ ಮನೆಗೆ ಹೋದರೂ ನೆಲ ನೋಡುತ್ತಿದ್ದರು. ಏನು ಕಳಕೊಂಡಿರಿ ಮಾವ ಎಂದೆ. "ಮಗ್ಗದ ಗುಂಡಿ ಕಾಣ್ತಾ ಇಲ್ಲ. ಇಷ್ಟು ಜನ ಬಟ್ಟೆ ಉಟ್ಟಿದ್ದರಲ್ಲ, ನೇಯ್ದವರ ಬೀದಿ ಎಲ್ಲಿ? ಆಯಮ್ಮನ್ನ ಕೇಳು." ಗೈಡಮ್ಮನನ್ನು ಕೇಳಿದೆ. ಅವರು ರಂಗಮಂದಿರ ಇದೆ, ಸ್ನಾನದ ಮನೆ ಇದೆ, ಸಾಹುಕಾರರ ಬಂಗಲೆ ಇದೆ ಎಂದರು. ಮಾವ "ಸರಿ" ಎಂದು ಮತ್ತೆ ನೆಲ ನೋಡಿದರು. ಅವರು ಅಷ್ಟು ದೂರ ಬಂದು ಅದೊಂದೇ ಕೇಳಿದ್ದು, ಅದೂ ಇಲ್ಲ ಅನ್ನಬೇಕಾಯಿತಲ್ಲ ಅಂತ ನನಗೆ ಬೇಜಾರಾಯಿತು.

ಮುಂದೆ ಒಂದು ಮನೆ, ಒಳಗೆ ಸಾಲಾಗಿ ಕಲ್ಲಿನ ತೊಟ್ಟಿಗಳು. ಇದು ಬಟ್ಟೆ ಒಗೆದು ಹದ ಮಾಡುತ್ತಿದ್ದ ಕಾರ್ಖಾನೆ ಎಂದರು ಗೈಡಮ್ಮ. ಡೈಯಿಂಗ್ ಅಣ್ಣ ಗಕ್ಕನೆ ನಿಂತರು. ಕೊಳೆ ತೆಗೆಯಲು ಬೀದಿಯಲ್ಲಿ ಮಡಕೆ ಇಟ್ಟು ಜನರ ಮೂತ್ರ ಕೂಡಿಸುತ್ತಿದ್ದರಂತೆ ಎಂದು ನಾನು ಹೇಳಿದಾಗ ಉಳಿದವರೆಲ್ಲ ಸೆರಗಿನಿಂದ, ಟವಲಿನಿಂದ ಮೂಗು ಮುಚ್ಚಿಕೊಂಡರು. ಅಣ್ಣನ ಕಣ್ಣು ಮಾತ್ರ ಅರಳಿತು.

"ಅಮೋನಿಯ! ಮೂತ್ರದಲ್ಲಿ ಅದೇ ಇರೋದು, ಸರಿಯಾಗೇ ಇದೆ! ಆ ಕಾಲದಲ್ಲಿ ಇವರಿಗೆ ಯಾರು ಹೇಳಿಕೊಟ್ಟರು?" ಅಂತ ತೊಟ್ಟಿಗೆ ಕೈಮುಗಿದರು. ಒಂದರಿಂದ ಇನ್ನೊಂದಕ್ಕೆ ನೀರು ಇಳಿಯುವ ತೂತುಗಳನ್ನು ಬಗ್ಗಿ ಬಗ್ಗಿ ನೋಡಿದರು. ನನ್ನ ಹತ್ತಿರವೂ ಇದೇ ಸಾಲು, ಇದೇ ಇಳಿಜಾರು ಅಂತ ನಮಗೆಲ್ಲ ಕೈ ಹಿಡಿದು ತೋರಿಸಿದರು. ಆಮೇಲೆ ದನಿ ತಗ್ಗಿಸಿ, "ಕೊಳೆ ನೀರು ಎಲ್ಲಿಗೆ ಬಿಡ್ತಿದ್ದರು, ಕೇಳು" ಎಂದರು.

"ಬೀದಿಗೆ" ಎಂದರು ಗೈಡಮ್ಮ.

"ಸರ್ಕಾರದವರು ಯಾರೂ ಬಂದು ಕಾರ್ಖಾನೆಗೆ ಬೀಗ ಹಾಕಲಿಲ್ಲವಾ?"

ಗೈಡಮ್ಮ ಛತ್ರಿಯೆತ್ತಿ ಬೆಂಕಿ ಕಾರಿದ ಬೆಟ್ಟವನ್ನು ತೋರಿಸಿದರು.

೩. ಹಳೆಯ ಹೋಟೆಲ್

ಒಂದು ಮೂಲೆಯಲ್ಲಿ ಕಲ್ಲಿನ ಕಟ್ಟೆ, ಕಟ್ಟೆಯಲ್ಲಿ ದುಂಡನೆಯ ಬಾಯಿಗಳು. ಒಳಗೆ ಅಡುಗೆ ತುಂಬಿ ಬೀದಿಯವರಿಗೆ ಮಾರುತ್ತಿದ್ದರಂತೆ. "ಇದು ಆ ಕಾಲದ ಹೋಟೆಲ್" ಎಂದೆ. ನಾನು ಹಾಗೆ ಹೇಳಿದ್ದೇ ತಪ್ಪಾಯಿತು. ಮಡತ್ತುಕುಳಂನಿಂದ ಬಂದ ನಮ್ಮ ಗುಂಪಿನ ಹಿರಿಯಾಕೆ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವವರು, "ಹೋಟೆಲ್ ಅಂದರೆ ತಿನ್ನೋ ಜಾಗ ತಾನೇ" ಎಂದು ಅದರ ಮೇಲೆ ಪುಳಿಯೋಗರೆ ಡಬ್ಬಿ ಇಟ್ಟು ಮುಚ್ಚಳ ತೆಗೆದರು.

ಪೀಪಿ ಊದುತ್ತ ಕಾವಲಿನವನು ಓಡಿಬಂದ. ಎರಡೂ ಕೈ ಅಡ್ಡಡ್ಡ ಆಡಿಸಿ ಬೇಡ ಬೇಡ ಎಂದ. ನಮ್ಮಲ್ಲಿ ಬಡಿಸುವಾಗ ಬೇಡ ಅನ್ನದವನು ಯಾರಿದ್ದಾನೆ? ಅದು ಮರ್ಯಾದೆ. ದೊಡ್ಡಮ್ಮ ಕಾಗದದ ತಟ್ಟೆಗೆ ಒಂದು ಸೌಟು ಹಾಕಿ ಅವನ ಕೈಗಿಟ್ಟರು. ಅವನು ಇನ್ನೂ ಜೋರಾಗಿ ಕೈ ಆಡಿಸಿದ. "ನಾಚಿಕೆ ಸ್ವಭಾವ" ಎಂದು ಇನ್ನೊಂದು ಸೌಟು ಹಾಕಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಕೊನೆಗೆ ಅವನು ನಮ್ಮೆಲ್ಲರನ್ನೂ ಕಟ್ಟೆಯಿಂದ ದೂರ, ಊಟಕ್ಕೆಂದೇ ಇರುವ ಮರದ ನೆರಳಿಗೆ ದಬ್ಬಿಕೊಂಡು ಹೋದ. ಅಲ್ಲಿ ಕೂತು ಕೈಯಲ್ಲಿದ್ದದ್ದನ್ನು ಚಪ್ಪರಿಸಿ ತಿಂದ. ತಿಂದ ಮೇಲೆ ನನ್ನನ್ನು ಕರೆದು ಗಂಭೀರವಾಗಿ ಹೇಳಿದ: "ಕಟ್ಟೆಯ ಮೇಲೆ ಡಬ್ಬಿ ಇಡೋದು ದೊಡ್ಡ ಅಪರಾಧ. ಇನ್ನು ಸ್ವಲ್ಪ ಇದೆಯಾ?"

೪. ಇಪ್ಪತ್ತೊಂದನೇ ತಲೆ

ಮೂರು ಇಪ್ಪತ್ತಕ್ಕೆ ಬಸ್ಸಿನಲ್ಲಿ ತಲೆ ಎಣಿಸಿದೆ, ಇಪ್ಪತ್ತೊಂದು ಇರಬೇಕು. ಇಪ್ಪತ್ತು. ಹಿಂದಿನಿಂದ ಎಣಿಸಿದೆ. ಇಪ್ಪತ್ತೇ. ಕಿಟಕಿ ಪಕ್ಕದ ಸೀಟಿನಲ್ಲಿ ಮಾವನವರ ಟವಲ್ ಇತ್ತು, ಮಾವ ಇರಲಿಲ್ಲ.

ಆಗಲೇ ಫೋನ್ ಬರಬೇಕೇ? ಅತ್ತೆಯವರ ವಿಡಿಯೋ ಕಾಲ್. ಸಿರುಮುಗೈನಲ್ಲಿ ದೀಪ ಹಚ್ಚುವ ಹೊತ್ತು. "ಎಲ್ಲಮ್ಮ ನಿಮ್ಮ ಮಾವ? ಮುಖ ತೋರಿಸು."

"ಬಾತ್‌ರೂಮಿಗೆ ಹೋಗಿದ್ದಾರೆ ಅತ್ತೆ" ಎಂದು ಫೋನ್ ಇಟ್ಟೆ. ಡೈಯಿಂಗ್ ಅಣ್ಣ, "ನೀನು ಹೋಗು ಕಣ್ಣು, ಬಸ್ಸು ಹೇಗೆ ಹೊರಡುತ್ತೋ ನಾನು ನೋಡ್ತೀನಿ" ಎಂದು ಇಳಿದು ಬಸ್ಸಿನ ಮುಂದೆಯೇ ಕಾಲು ಚಾಚಿ ಕೂತರು. ನಾನೂ ಗೈಡಮ್ಮನೂ ಓಡಿದೆವು. ಎಲ್ಲ ಬೀದಿಯೂ ಒಂದೇ ಥರ, ಎಲ್ಲ ಮೂಲೆಯೂ ಒಂದೇ ಥರ. ಆಗಷ್ಟೇ ಬೆರಗಾಗಿ ನೋಡಿದ ಊರನ್ನು ಈಗ ಯಾಕಪ್ಪಾ ಇಷ್ಟು ದೊಡ್ಡದಾಗಿ ಕಟ್ಟಿದರು ಎಂದು ಶಪಿಸುತ್ತ ಓಡಿದೆ. ಮಾವ, ಮಾವ ಎಂದು ಕೂಗಿ ಗಂಟಲು ಒಣಗಿತು. ಆ ಮನುಷ್ಯನಿಗೆ ಇಂಗ್ಲಿಷ್ ಬಾರದು, ಜೇಬಿನಲ್ಲಿ ಫೋನ್ ಇಲ್ಲ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಒಂದು ಸಣ್ಣ ಮನೆಯ ಮುಂದೆ ಜನ ಗುಂಪುಗೂಡಿ ಫೋಟೋ ತೆಗೆಯುತ್ತಿದ್ದರು. ನುಗ್ಗಿ ನೋಡಿದೆ. ಒಳಗೆ ಹಗ್ಗ ಕಟ್ಟಿದ ಜಾಗ, ಆ ಕಾಲದ ಮಾದರಿಯಲ್ಲಿ ಹೊಸದಾಗಿ ಮಾಡಿದ ಮಗ್ಗ. ಗೋಡೆಗೆ ನಿಲ್ಲಿಸಿದ ಚೌಕಟ್ಟು, ಮೇಲಿಂದ ಎಳೆಗಳು ಇಳಿಬಿದ್ದಿವೆ, ಎಳೆ ಬಿಗಿಯಾಗಿರಲೆಂದು ತುದಿಗೆ ಮಣ್ಣಿನ ಗುಂಡುಗಳನ್ನು ಕಟ್ಟಿದ್ದಾರೆ. ನೇಯ್ದು ತೋರಿಸಬೇಕಾದ ಹುಡುಗಿ ಬಾಯಿ ತೆರೆದು ಬದಿಯಲ್ಲಿ ನಿಂತಿದ್ದಾಳೆ. ಹಗ್ಗದ ಒಳಗೆ, ಮಗ್ಗದ ಮುಂದೆ, ಪಂಚೆ ಮೇಲೆ ಕಟ್ಟಿ ಕೂತಿದ್ದಾರೆ ನಮ್ಮ ಮಾವ!

"ಮಾವಾ! ಹಡಗು!"

"ಇರು ಕಣ್ಣು. ಈ ಹುಡುಗಿ ಎಳೆ ಹರಿದರೂ ಹಾಗೇ ಬಿಟ್ಟು ಮಾತಾಡ್ತಾ ಇದ್ದಳು. ಹರಿದ ಎಳೆ ಬಿಟ್ಟು ಮಗ್ಗದಿಂದ ಏಳೋದುಂಟಾ?" ಎಂದು ಎಳೆ ಎತ್ತಿ, ಬೆರಳಲ್ಲಿ ತಿರುವಿ, ಗಂಟು ಹಾಕಿದರು. ಗಂಟು ಎಲ್ಲಿದೆ ಎಂದು ಹುಡುಗಿ ಬಗ್ಗಿ ಹುಡುಕಿದಳು, ಕಾಣಲಿಲ್ಲ. ಮಾವ ಪಕ್ಕದ ಗಾಜಿನ ಪೆಟ್ಟಿಗೆ ತೋರಿಸಿದರು. ಅದರಲ್ಲಿ ನೆಲದಿಂದ ಅಗೆದು ತೆಗೆದ ಅಸಲಿ ಗುಂಡುಗಳು. "ನೋಡು, ನಾವು ಮರಳಿನ ಚೀಲ ಕಟ್ತೀವಿ, ಇವರು ಮಣ್ಣಿನ ಗುಂಡು ಕಟ್ಟಿದ್ದಾರೆ. ಅದರ ಮೇಲೆ ಹೆಬ್ಬೆಟ್ಟಿನ ಗುರುತು ನೋಡು. ಹಸಿ ಇದ್ದಾಗ ಒತ್ತಿದ್ದು. ನಮ್ಮವನು ಯಾರೋ." ಮಾವನವರು ಗಾಜಿನ ಮೇಲಿಂದಲೇ ಆ ಗುರುತಿಗೆ ತಮ್ಮ ಹೆಬ್ಬೆಟ್ಟು ಹಿಡಿದರು. ನಾನು ಹಡಗನ್ನು ಒಂದು ಕ್ಷಣ ಮರೆತೆ, ಸತ್ಯವಾಗಿ ಮರೆತೆ.

ಮತ್ತೆ ಫೋನ್. ಇನ್ನು ಅತ್ತೆಯೇ ಗತಿ, ಅವರು ಗದರಿದರೆ ಎದ್ದಾರು ಎಂದುಕೊಂಡು ಫೋನನ್ನು ಮಾವನ ಕಡೆ ಹಿಡಿದೆ. "ನೋಡಿ ಅತ್ತೆ, ಹಡಗು ಹೋಗುತ್ತೆ ಅಂದರೂ ಏಳ್ತಾ ಇಲ್ಲ. ನೀವೇ ಹೇಳಿ."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಫೋನ್ ಹತ್ತಿರ ಹಿಡಿ. ಇನ್ನೂ ಹತ್ತಿರ. ಏನ್ರೀ, ಎಡಗಡೆ ಇನ್ನೂ ಎರಡು ಎಳೆ ಹರಿದಿದೆ, ಕಾಣ್ತಾ ಇಲ್ಲವಾ? ಏನಮ್ಮ, ಸುಮ್ಮನೆ ನಿಂತಿದ್ದೀಯಲ್ಲ, ಎಳೆ ಹಿಡಿದುಕೊಡು!"

ಇನ್ನೇನು ಮಾಡಲಿ? ಹಗ್ಗ ದಾಟಿ ನಾನೂ ಕೂತೆ. ಒಂದು ಎಳೆ ನಾನು ಹಿಡಿದೆ, ಇನ್ನೊಂದು ಗೈಡಮ್ಮ ಛತ್ರಿ ಕೆಳಗಿಟ್ಟು ಹಿಡಿದರು. ಮಾವ ಎರಡೂ ಗಂಟು ಹಾಕಿ, ಮಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದರು. ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆ ಹುಡುಗಿ ಕಣ್ಣು ಒರೆಸಿಕೊಂಡು ಮಾವನವರ ಎರಡೂ ಕೈ ಹಿಡಿದು ಏನೇನೋ ಹೇಳಿದಳು, ಗೈಡಮ್ಮನ ಬಾಯಿಂದ ಕೇಳಿ ನಾನು ಮಾವನವರಿಗೆ ತಿಳಿಸಿದೆ. ಆಮೇಲೆ ನಾವು ಓಡಿದ ಓಟವನ್ನು ಹೇಳಿ ಪ್ರಯೋಜನವಿಲ್ಲ. ಬಸ್ಸಿನ ಡ್ರೈವರ್ ದಾರಿಯುದ್ದಕ್ಕೂ ತನ್ನ ಭಾಷೆಯಲ್ಲಿ ಬೈದ, ಅರ್ಥ ಆಗದಿದ್ದದ್ದು ನಮ್ಮ ಪುಣ್ಯ. ಹಡಗಿನ ಏಣಿ ಎತ್ತಲು ಬಂದವರು ನಮ್ಮನ್ನು ಕಂಡು ತಡೆದರು. ಏಣಿಯ ಬುಡದಲ್ಲಿ ನಿಂತು ಒಬ್ಬೊಬ್ಬರನ್ನೇ ಮುಟ್ಟಿ ಹತ್ತಿಸಿದೆ. ಇಪ್ಪತ್ತೊಂದು.

ಹಡಗು ಬಿಟ್ಟಿತು. ಬೆಟ್ಟ ದೂರವಾಗುವುದನ್ನು ನೋಡುತ್ತ ಮಾವ ಕಟಕಟೆ ಹಿಡಿದು ನಿಂತಿದ್ದರು. ಮುಖದಲ್ಲಿ ಅಂಥ ಸಂತೋಷ ನಾನು ಹದಿನೈದು ವರ್ಷದಲ್ಲಿ ನೋಡಿರಲಿಲ್ಲ. ಮತ್ತೆ ಅತ್ತೆಯ ಫೋನ್, ಮಾವನ ಕೈಗೆ ಕೊಟ್ಟೆ.

"ಅಲ್ಲರೀ, ಅಷ್ಟು ಹೊತ್ತು ಕೂತು ಕೆಲಸ ಮಾಡಿದಿರಲ್ಲ, ಕೂಲಿ ಕೊಟ್ಟರಾ?"

"ಕೂಲಿ ಎಲ್ಲಿ ಬಂತು? ನಿಮ್ಮಂಥ ಕೈ ಲೋಕದಲ್ಲೇ ಇಲ್ಲ ಅಂದರು. ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ನೇಕಾರನಿಗೆ ಹೊಗಳಿಕೆ ಕೊಟ್ಟು ಕೂಲಿ ಕೊಡದೆ ಕಳಿಸೋದಾದರೆ ಅದಕ್ಕೆ ಇಟಲಿಗೆ ಯಾಕೆ ಹೋದಿರಿ? ಅದು ಸಿರುಮುಗೈನಲ್ಲೇ ಸಿಗ್ತಿತ್ತಲ್ಲ!"