ದಾರ ಕತ್ತರಿಸಲು ಹೊರಟ ಓಟಗಾರ

ನಮ್ಮ ತೋಕಾತ್ ಊರಿನ ಪಿಂಜಾರರ ಬೀದಿಯಲ್ಲಿ ಹುಟ್ಟಿದ ಮಕ್ಕಳು ಅಂಬೆಗಾಲಿಡುವುದಿಲ್ಲ. ಅದಕ್ಕೆಲ್ಲ ಅವಕ್ಕೆ ಪುರುಸೊತ್ತಿಲ್ಲ. ಹುಟ್ಟಿದ ನಲವತ್ತನೆಯ ದಿನ ಎದ್ದು, ಸೂಲಗಿತ್ತಿಗೆ ಸಲಾಮು ಹೇಳಿ, ತೊಟ್ಟಿಲ ಬಟ್ಟೆಯನ್ನು ತಾವೇ ಮಡಚಿಟ್ಟು, ರೊಟ್ಟಿ ತರಲು ಬೇಕರಿಗೆ ಹೋಗುತ್ತವೆ. ಒಂದು ಮಗುವಂತೂ ತನ್ನ ಕಿವಿಯಲ್ಲಿ ಹೆಸರು ಉಸುರಿದ ಇಮಾಮರನ್ನು, "ಇದಕ್ಕಿಂತ ಒಳ್ಳೇದು ಇರಲಿಲ್ವಾ?" ಎಂದು ಕೇಳಿ ಮೂರು ದಿನ ಹಾಸಿಗೆ ಹಿಡಿಸಿತ್ತು.

ಇಂಥ ಬೀದಿಯಲ್ಲಿ ರಜಾಯಿ ಹೊಲಿಯುವ ಬುರ್ಹಾನ್ ಉಸ್ತಾನ ಮಗ ರೆಮ್ಜಿಗೆ ಹದಿನಾಲ್ಕು ತಿಂಗಳಾದರೂ ಕಾಲೂ ಏಳಲಿಲ್ಲ, ನಾಲಿಗೆಯೂ ಏಳಲಿಲ್ಲ. ಕೂರಿಸಿದಲ್ಲಿ ಅರಳೆ ಮೂಟೆಯ ಹಾಗೆ ಕೂರುತ್ತಿದ್ದ. ಬೇಕಾದ್ದನ್ನು ಬೆರಳು ತೋರಿಸಿ ತರಿಸಿಕೊಳ್ಳುತ್ತಿದ್ದ. ತರದಿದ್ದರೆ ನಿವೃತ್ತ ನ್ಯಾಯಾಧೀಶರ ಹಾಗೆ ಹುಬ್ಬು ಗಂಟಿಕ್ಕಿ ನೋಡುತ್ತಿದ್ದ.

ಬುರ್ಹಾನ್ ಅಂತಿಂಥ ಆಳಲ್ಲ, ಉಸ್ತಾ, ಎಂದರೆ ಕಸುಬಿನ ಮೇಸ್ತ್ರಿ. ರೂಪದಲ್ಲಿ, ಬುದ್ಧಿಯಲ್ಲಿ, ಕೈಕಸುಬಿನಲ್ಲಿ ಅವನ ಸಾಟಿ ಇಸ್ತಾಂಬುಲ್ ತನಕ ಜರಡಿ ಹಿಡಿದರೂ ಸಿಗುತ್ತಿರಲಿಲ್ಲ. ಅವನು ಹಾಕಿದ ಹೊಲಿಗೆಗೆ ಒಂಟೆಯನ್ನು ಕಟ್ಟಿ ನೇತುಹಾಕಬಹುದಿತ್ತು. ಒಂದು ಹಿಡಿ ಹತ್ತಿಯನ್ನು ಬಿಲ್ಲಿನಲ್ಲಿ ಹಿಂಜಿ ಹಿಂಜಿ ಇಡೀ ಹಾಸಿಗೆ ತುಂಬುವುದು ಅವನ ಕಸುಬು. ಕೈಯ ಆ ಗುಣ ಬಾಯಿಗೂ ಬಂದುಬಿಟ್ಟಿತ್ತು, ಅಷ್ಟೇ. ಹಿಡಿಯಷ್ಟು ಸಂಗತಿ ಸಿಕ್ಕರೆ ಸಾಕು, ಹಿಂಜಿ ಉಬ್ಬಿಸಿ, ಕೊನೆಗೆ "ವಲ್ಲಾಹಿ!" ಎಂದು ದೇವರ ಮೇಲೆ ಆಣೆ ಇಟ್ಟು ಅಂಚು ಹೊಲಿದುಬಿಡುತ್ತಿದ್ದ. ಆ ಕೂಡಲೇ ಒಳಮನೆಯಿಂದ ಹೆಂಡತಿ ಮುಜೆಯ್ಯೆನ್, ಕೈಯ ಸೌಟಿನಿಂದ ಕಣ್ಣು ಸಹ ಎತ್ತದೆ, "ಸುಳ್ಳು" ಎನ್ನುತ್ತಿದ್ದಳು. ವಲ್ಲಾಹಿ, ಸುಳ್ಳು. ವಲ್ಲಾಹಿ, ಸುಳ್ಳು. ಆ ಮನೆಯಲ್ಲಿ ಗೋಡೆ ಗಡಿಯಾರ ಇರಲಿಲ್ಲ. ಇದೇ ಟಿಕ್ ಟಿಕ್ ಸಾಕಾಗಿತ್ತು.

ಆ ಶುಕ್ರವಾರ ಬೆಳಿಗ್ಗೆ ಬುರ್ಹಾನ್ ಮನೆಗೆ ಅಂಟಿಕೊಂಡ ತನ್ನ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಹಾಗೇ ಎದುರು ಸಾಲಿನ ಉಪ್ಪಿನಕಾಯಿ ಶಾಬಾನ್ ಬಂದ. ಕೈಯಲ್ಲಿ ದೊಡ್ಡದೊಂದು ಕತ್ತರಿ, ಅದಕ್ಕೆ ಕೆಂಪು ಪಟ್ಟಿ.

"ಉಸ್ತಾ, ನಿನ್ನೆ ಚಹಾದಂಗಡೀಲಿ ನೀನು ಹೇಳಿದ್ದು ಕೇಳಿ ನಂಗೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಕಣೋ."

ಬುರ್ಹಾನನಿಗೆ ನಿನ್ನೆ ಹೇಳಿದ್ದರಲ್ಲಿ ಯಾವುದು ಎಂದು ನೆನಪಾಗಲಿಲ್ಲ. "ಯಾವ್ದು? ಕರಡಿ ವಿಷಯಾನಾ?"

"ಅಲ್ಲಪ್ಪ, ನಿನ್ ಮಗಂದು. ಒಂಬತ್ತು ತಿಂಗಳಿಗೇ ನಡೆದ, ಈಗ ಹೊಳೆ ಸೇತುವೆ ತನಕ ಓಡಿ ಬರ್ತಾನೆ ಅಂದ್ಯಲ್ಲ. ನನ್ ಮಗಳು ಗುಲ್ತೆನ್‌ಗೆ ಹದಿಮೂರು ತಿಂಗಳು. ಇವತ್ತು ಜುಮ್ಮಾ ನಮಾಜು ಮುಗಿದ ಮೇಲೆ ಮಸೀದಿ ಅಂಗಳದಲ್ಲಿ ಅವಳ ಕಾಲಿನ ದಾರ ಕತ್ತರಿಸೋದು ಅಂತ ಇಟ್ಕೊಂಡಿದೀನಿ. ಕತ್ತರಿಸೋದು ನಿನ್ ಮಗಾನೇ!"

ನಡೆಯಲು ತಡ ಮಾಡಿದ ಮಗುವಿನ ಎರಡು ಪಾದಗಳನ್ನೂ ದಾರದಿಂದ ಸಡಿಲವಾಗಿ ಕಟ್ಟಿ, ಚೆನ್ನಾಗಿ ಓಡುವವರೊಬ್ಬರ ಕೈಯಿಂದ ಅದನ್ನು ಕತ್ತರಿಸಿದರೆ ಕಣ್ಣಿಗೆ ಕಾಣದ ಕಟ್ಟೂ ಬಿಟ್ಟು ಹೋಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಕತ್ತರಿಸಿದವರ ನಡಿಗೆಯೇ ಮಗುವಿಗೆ ಬರುತ್ತದೆ. ಆದ್ದರಿಂದ ಕತ್ತರಿಸುವವರು ಮೊದಲು ಎಲ್ಲರ ಕಣ್ಣೆದುರು ಅಂಗಳದ ಕಾರಂಜಿಯಿಂದ ಮಗುವಿದ್ದಲ್ಲಿಗೆ ತಮ್ಮ ಕಾಲಲ್ಲೇ ಓಡಿ ಬರಬೇಕು. ಅಷ್ಟು ದೂರ ಎಂದರೆ ದೊಡ್ಡವರಿಗೆ ಹನ್ನೆರಡು ಹೆಜ್ಜೆ. ರೆಮ್ಜಿಗೆ ಅದು ಮೆಕ್ಕಾ ಯಾತ್ರೆ.

"ಅವನು ಕತ್ತರಿ ಹಿಡಿಯೋಷ್ಟು..." ಎಂದು ಬುರ್ಹಾನ್ ತೊದಲಿದ.

"ಕೈ ನೀನು ಹಿಡ್ಕೋ. ಕಾಲು ಅವಂದಿದ್ರೆ ಆಯ್ತು," ಎಂದು ಶಾಬಾನ್ ಕತ್ತರಿಯನ್ನು ಅವನ ಕೈಗಿತ್ತ. "ಚಹಾದಂಗಡಿಯೋರೆಲ್ಲ ಬರ್ತಾರೆ. ಓಡ್ತಾನೆ ತಾನೇ?"

"ಓಡ್ತಾನಾ? ಹಿಡಿಯೋಕೆ ಕುದುರೆ ಬೇಕು! ವಲ್ಲಾಹಿ!"

"ಸುಳ್ಳು," ಎಂದಿತು ಒಳಮನೆ.

ಶಾಬಾನ್ ಅತ್ತ ಹೋದದ್ದೇ ಮುಜೆಯ್ಯೆನ್ ಹೊರಗೆ ಬಂದಳು. ಕಂಕುಳಲ್ಲಿ ರೆಮ್ಜಿ. "ಈಗೇನ್ ಮಾಡ್ತೀರಿ? ಇವತ್ತು ಬಿದ್ರೆ ನಿಮ್ಮ ಹೆಸರೊಂದೇ ಬೀಳಲ್ಲ. ಅಷ್ಟು ಜನರ ಮುಂದೆ ನನ್ ಮಗೂನ ಕುಂಟ ಅಂತಾರೆ. ಹಾಗೇನಾದ್ರೂ ಅಂದ್ರೆ ನಾನು ಮಗೂನ ಎತ್ಕೊಂಡು ತವರಿಗೆ ಹೊರಟೆ. ನೀವು ನಿಮ್ಮ ಕರಡಿ ಜೊತೆ ಇರಿ."

ಹೆಂಡತಿ ಹೇಳಿದ್ದನ್ನು ಮಾಡುವವಳು. ಈ ಬೀದಿಯಲ್ಲಿ ಅದೊಂದು ವಿಚಿತ್ರ ಅಭ್ಯಾಸ ಅವಳಿಗೆ ಮಾತ್ರ ಇತ್ತು.

ಬುರ್ಹಾನ್ ಯೋಚಿಸಿದ. ಮಗುವಿಗೆ ಜ್ವರ ಎಂದರಾಯಿತು! ಪಕ್ಕದ ಮನೆಯ ಕಿಟಕಿಯಲ್ಲಿ ಸದಾ ತೂಗುಹಾಕಿದಂತಿರುವ ಶಾಹೆಂದೆ ಅತ್ತೆಗೆ ಕೇಳುವ ಹಾಗೆ, "ಅಯ್ಯೋ, ಮಗು ಕೆಂಡದ ಹಾಗೆ ಸುಡ್ತಿದೆಯಲ್ಲಪ್ಪಾ!" ಎಂದು ಕೂಗಿದ. ಅತ್ತೆಗೆ ಅಷ್ಟು ಕೇಳಿದರೆ ಊರಿಗೆ ಡಂಗುರ ಬೇಡ.

ಒಂದು ಗಂಟೆಯೊಳಗೆ ಮನೆಯ ತುಂಬ ಹೆಂಗಸರು. ಒಬ್ಬಳು ಲಿಂಡೆನ್ ಹೂವಿನ ಕಷಾಯ ತಂದಳು, ಇನ್ನೊಬ್ಬಳು ಬಿಸಿ ಇಟ್ಟಿಗೆ ತಂದಳು. ಶಾಹೆಂದೆ ಅತ್ತೆ ವಿನೆಗರ್‌ನಲ್ಲಿ ಅದ್ದಿದ ಕಾಲುಚೀಲ ತಂದು, ಮಗು ತಲೆ ಸರಿಸಿದ್ದರಿಂದ ಬುರ್ಹಾನನ ಹಣೆಗೇ ಒತ್ತಿದಳು. ಹಿಂದೆಯೇ ಆರೋಗ್ಯ ಕೇಂದ್ರದ ನರ್ಸ್ ನೆಜಿಹೆ ಥರ್ಮಾಮೀಟರು ಹಿಡಿದು ಬಂದಳು. ರೆಮ್ಜಿ ಅಷ್ಟೂ ಜನರ ನಡುವೆ ಸುಲ್ತಾನನಂತೆ ಕೂತು ಹುರಿಗಡಲೆ ತಿನ್ನುತ್ತಿದ್ದ.

ನೆಜಿಹೆ ಥರ್ಮಾಮೀಟರನ್ನು ಬೆಳಕಿಗೆ ಹಿಡಿದಳು. "ಮಗೂಗೆ ಏನೂ ಇಲ್ಲ. ಬೇಕಾದ್ರೆ ಅಪ್ಪಂಗೂ ಒಂದ್ಸಲ ನೋಡ್ತೀನಿ, ಬೆವರ್ತಾ ಇದಾರೆ."

"ಸದ್ಯ!" ಎಂದರು ಹೆಂಗಸರು. "ಹಾಗಾದ್ರೆ ಮಧ್ಯಾಹ್ನ ಓಡ್ತಾನೆ!"

ಬುರ್ಹಾನ್ ನೆಜಿಹೆಯನ್ನು ಮೂಲೆಗೆ ಕರೆದು ಪಿಸುಗುಟ್ಟಿದ. "ಸಿಸ್ಟರ್, ಹದಿನಾಲ್ಕು ತಿಂಗಳಾಯ್ತು, ಇನ್ನೂ ನಿಲ್ಲಲ್ಲ. ಒಂದು ಮಾತೂ ಆಡಲ್ಲ. ಏನಾದ್ರೂ ಔಷಧಿ..."

"ಔಷಧಿ ಯಾಕೆ ಉಸ್ತಾ? ಕೆಲವು ಮಕ್ಕಳು ಒಂಬತ್ತು ತಿಂಗಳಿಗೇ ನಡೀತವೆ, ಕೆಲವು ಹದಿನೆಂಟು ತಿಂಗಳ ತನಕ ಕೂತೇ ಇರ್ತವೆ. ಎರಡೂ ಸರೀನೇ. ಮಾತು ವರ್ಷದ ಆಸುಪಾಸು ಒಂದೊಂದೇ ಬರುತ್ತೆ. ಮನೇಲಿ ಯಾವ ಮಾತು ಜಾಸ್ತಿ ಕಿವಿಗೆ ಬೀಳುತ್ತೋ ಅದೇ ಮೊದಲು ಬರೋದು. ನಿಧಾನ ಮಾಡಿ."

"ನಿಧಾನ ಮಾಡೋಕೆ ಇರೋದು ಎರಡು ಗಂಟೆ ಸಿಸ್ಟರ್!"

ಎಲ್ಲರನ್ನೂ ಸಾಗಹಾಕಿ ಬುರ್ಹಾನ್ ಮಗನನ್ನು ಅಂಗಡಿಗೆ ಎತ್ತಿಕೊಂಡು ಹೋದ. ನೆಲದ ತುಂಬ ರಜಾಯಿ ಹಾಸಿ ಓಟದ ತರಬೇತಿ ಶುರು ಮಾಡಿದ. ಮುಂದೆ ಹುರಿಗಡಲೆ ಇಟ್ಟರೆ ರೆಮ್ಜಿ ಬೆರಳು ತೋರಿಸಿದ. ಬಿಲ್ಲಿನ ನರ ಮೀಟಿದರೆ ತಲೆದೂಗಿದ. ಕೊನೆಗೆ ಬುರ್ಹಾನ್ ತಾನೇ ಅಂಬೆಗಾಲಿಟ್ಟು, ಎದ್ದು, ತಟಪಟ ಹೆಜ್ಜೆ ಹಾಕಿ ತೋರಿಸಿದ. ಮಗ ಕೇಕೆ ಹಾಕಿ ನಕ್ಕು, ಇನ್ನೊಮ್ಮೆ ಮಾಡು ಎಂದು ಕೈ ಆಡಿಸಿದ. ಹೀಗೆ ಹನ್ನೊಂದು ಸಲ. ಹನ್ನೆರಡನೆಯ ಸಲಕ್ಕೆ ಬುರ್ಹಾನನಿಗೆ ನಡಿಗೆ ಚೆನ್ನಾಗಿ ಬರುತ್ತಿತ್ತು.

ಆಗ ಹೊಳೆಯಿತು ಉಪಾಯ. ಸೂಜಿ ತೆಗೆದ, ದಾರ ಪೋಣಿಸಿದ. ಕಣ್ಣು ಮಿಟುಕಿಸುವುದರಲ್ಲಿ ಹತ್ತಿ ತುಂಬಿದ ಒಂದು ಉದ್ದನೆಯ ಅಂಗಿ ಸಿದ್ಧವಾಯಿತು. ಹೊರಗೆ ಹಸಿರು ರೇಷ್ಮೆ, ಬೆನ್ನಲ್ಲಿ ಮಡಿಕೆಗಳ ನಡುವೆ ಕೈ ತೂರುವಷ್ಟು ಅಡಗಿದ ಒಂದು ಪಟ್ಟಿ. ಅಪ್ಪ ಬಗ್ಗಿ ಹಿಂದಿನಿಂದ ಪಟ್ಟಿ ಹಿಡಿದು ಎತ್ತಿ ಎತ್ತಿ ನಡೆದರೆ, ನೋಡಿದವರಿಗೆ ಮಗು ಓಡಿದ ಹಾಗೇ ಕಾಣಬೇಕು. ಮುಜೆಯ್ಯೆನ್ ನೋಡಿ ತಲೆ ಚಚ್ಚಿಕೊಂಡಳು.

"ಹರಿದ್ರೆ?"

"ನನ್ನ ಹೊಲಿಗೆ ಹರಿಯೋದಾ? ಒಂಟೆ ಕಟ್ಟಿದ್ರೂ ತಡ್ಕೊಳುತ್ತೆ, ವಲ್ಲಾಹಿ!"

"ಸುಳ್ಳು."

ನಮಾಜು ಮುಗಿಯುವ ಹೊತ್ತಿಗೆ ಮಸೀದಿಯ ಅಂಗಳದಲ್ಲಿ ಜಾತ್ರೆಯಂತೆ ಜನ. ಹೆಂಗಸರು ಗೋಡೆಯುದ್ದಕ್ಕೂ ಕೂತಿದ್ದರು. ಚಹಾದಂಗಡಿಯವರು ಗಲ್ಲಾಪೆಟ್ಟಿಗೆಗೆ ಬೀಗ ಜಡಿದು ಗುಂಪಾಗಿ ಬಂದಿದ್ದರು. ನಡುವೆ ಚಾಪೆಯ ಮೇಲೆ ಗುಲ್ತೆನ್, ಎರಡು ಗುಲಾಬಿ ಪಾದಗಳಿಗೂ ಸೇರಿಸಿ ಕೆಂಪು ದಾರ. ಕಾರಂಜಿಯ ಬಳಿ ಹಸಿರು ರೇಷ್ಮೆಯ ರೆಮ್ಜಿ, ಅವನ ಬೆನ್ನ ಹಿಂದೆ ನೆಲದಲ್ಲಿ ಕಳೆದುಹೋದ ಸೂಜಿ ಹುಡುಕುವವನ ಹಾಗೆ ಬಗ್ಗಿದ ಬುರ್ಹಾನ್.

"ಬಿಸ್ಮಿಲ್ಲಾ! ಓಡು ನನ್ ಸಿಂಹ!"

ಹೊರಟಿತು ಮೆರವಣಿಗೆ. ಒಂದು, ಎರಡು, ಮೂರು... ರೆಮ್ಜಿಯ ಕಾಲುಗಳು ಗಾಳಿಯಲ್ಲಿ ಈಜುವ ಬಾತುಕೋಳಿಯಂತೆ ಆಡುತ್ತಿದ್ದವು. ಜನ ಬೆರಗಾದರು.

"ಅಬ್ಬಬ್ಬಾ, ನೆಲಾನೇ ಮುಟ್ತಿಲ್ಲ!" ಎಂದ ಚಹಾದಂಗಡಿಯವನೊಬ್ಬ.

"ಅದೇ ನಂಗೂ ಅನುಮಾನ," ಎಂದಳು ಶಾಹೆಂದೆ ಅತ್ತೆ.

ಏಳನೆಯ ಹೆಜ್ಜೆಗೆ, ಒಂಟೆಯನ್ನು ತಡೆಯಬಲ್ಲ ಹೊಲಿಗೆ ಹದಿನಾಲ್ಕು ತಿಂಗಳ ಕೂಸನ್ನು ತಡೆಯಲಾರದೆ ಪರ್ ಎಂದಿತು. ರೆಮ್ಜಿ ದೊಪ್ಪನೆ ಕುಂಡೆಯ ಮೇಲೆ ಕೂತ. ಪಟ್ಟಿ ಅಪ್ಪನ ಕೈಯಲ್ಲೇ ಉಳಿಯಿತು. ಹರಿದ ಬೆನ್ನಿನಿಂದ ಹತ್ತಿ ಹಾರಿ ಅಂಗಳದ ತುಂಬ ಹಿಮ ಸುರಿದಂತಾಯಿತು.

ಬುರ್ಹಾನ್ ಪಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಎದೆ ಸೆಟೆಸಿದ. "ದಣಿದಿದಾನೆ ಪಾಪ! ಬೆಳಿಗ್ಗೆಯಿಂದ ಮೂರು ಸಲ ಸೇತುವೆ ತನಕ ಓಡಿ ಬಂದಿದಾನೆ. ನಿಲ್ಲು ಅಂದ್ರೂ ಕೇಳಲ್ಲ ಕಣ್ರೋ! ವಲ್ಲಾಹಿ!"

ಹತ್ತಿ ನಿಧಾನವಾಗಿ ಇಳಿಯುತ್ತಿತ್ತು. ಆಗ ನೆಲದಿಂದ ಒಂದು ಸಣ್ಣ, ಸ್ಪಷ್ಟವಾದ ದನಿ ಬಂತು.

"ಚುಳ್ಳು."

ರೆಮ್ಜಿ ಹೇಳಿದ್ದ. ಮೂಗಿನ ಮೇಲೆ ಕೂತ ಹತ್ತಿಯಿಂದ ಕಣ್ಣು ಸಹ ಎತ್ತದೆ.

ಅಂಗಳ ಬಿರಿಯುವ ಹಾಗೆ ನಗು ಎದ್ದಿತು. ಮುಜೆಯ್ಯೆನ್ ಮಾತ್ರ ನಗಲಿಲ್ಲ. ಓಡಿ ಬಂದು ಮಗನನ್ನು ಬಾಚಿಕೊಂಡು, "ಮಾತಾಡ್ದ! ನನ್ ಕಂದ ಮಾತಾಡ್ದ!" ಎಂದು ಅತ್ತೇಬಿಟ್ಟಳು. ನರ್ಸ್ ನೆಜಿಹೆ, "ಹೇಳಿರಲಿಲ್ವಾ? ಸರಿಯಾದ ಹೊತ್ತಿಗೇ ಬಂತು. ಸರಿಯಾದ ಜಾಗದಲ್ಲೂ ಬಂತು," ಎಂದಳು.

ಈ ಗದ್ದಲದಲ್ಲಿ ಗುಲ್ತೆನ್‌ಗೆ ಬೇಸರ ಬಂದಿರಬೇಕು. ಕಾಲಿನ ದಾರವನ್ನು ಕಾಲುಚೀಲದಂತೆ ಕಳಚಿ ಎಸೆದು, ಎದ್ದು, ಯಾರ ಕೈಯೂ ಹಿಡಿಯದೆ ಪಟಪಟ ನಡೆದು ಬಂದು, ರೆಮ್ಜಿಯ ಜೇಬಿನಿಂದ ಬಿದ್ದ ಹುರಿಗಡಲೆ ಆರಿಸತೊಡಗಿದಳು.

"ನೋಡಿದ್ರಾ!" ಬುರ್ಹಾನನಿಗೆ ಜೀವ ಬಂತು. "ನನ್ ಮಗನ ಕಾಲ್ಗುಣ! ಕತ್ತರಿ ಮುಟ್ಟೋ ಮೊದ್ಲೇ..."

"ಅವಳು ನಡೆಯೋಕೆ ಶುರು ಮಾಡಿ ಹದಿನೈದು ದಿನ ಆಯ್ತು ಉಸ್ತಾ," ಎಂದ ಶಾಬಾನ್, ಮೀಸೆಯಲ್ಲೇ ನಗುತ್ತ. "ನಿನ್ ಓಟಗಾರನ್ನ ಒಂದ್ಸಲ ಕಣ್ಣಾರೆ ನೋಡೋಣ ಅಂತ ಆಸೆ ಆಗಿತ್ತು, ಅಷ್ಟೇ."

ಶಾಹೆಂದೆ ಅತ್ತೆ ಆಗಲೇ ಆ ಕೆಂಪು ದಾರವನ್ನು ಎತ್ತಿ ರೆಮ್ಜಿಯ ಪಾದಗಳಿಗೆ ಸುತ್ತಿದ್ದಳು. "ಕಟ್ಟಿದ ದಾರ ದಂಡ ಆಗ್ಬಾರ್ದು ಕಣ್ರೇ," ಎಂದು ಗುಲ್ತೆನ್‌ಳನ್ನು ಕಾರಂಜಿಯ ಬಳಿ ನಿಲ್ಲಿಸಿದಳು. ಹದಿಮೂರು ತಿಂಗಳ ಹೆಣ್ಣುಮಗು ಹನ್ನೆರಡು ಹೆಜ್ಜೆಯ ದಾರಿಯನ್ನು ನಲವತ್ತು ಹೆಜ್ಜೆಯಲ್ಲಿ ನಡೆದು ಬಂದು, ಶಾಬಾನ್ ಹಿಡಿದ ಕೈಯಿಂದ ಬುರ್ಹಾನ್ ಉಸ್ತಾನ ಮಗನ ದಾರ ಕತ್ತರಿಸಿತು. ಯಾರೂ ಕುಂಟ ಎನ್ನಲಿಲ್ಲ. ಮುಜೆಯ್ಯೆನ್ ತವರಿಗೂ ಹೋಗಲಿಲ್ಲ. ಆದರೆ ಅಂದಿನಿಂದ ಬುರ್ಹಾನ್ ಚಹಾದಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ನಾಲ್ಕೂ ಮೇಜುಗಳಿಂದ ಒಟ್ಟಿಗೇ "ಚುಳ್ಳು!" ಎಂದು ಕೇಳಿಬರುತ್ತಿತ್ತು.

ಅದಿರಲಿ. ದಾರ ತುಂಡಾದದ್ದೇ ತಡ, ರೆಮ್ಜಿ ಎದ್ದ ನೋಡಿ! ಎದ್ದವನೇ ಮಸೀದಿಗೆ ಏಳು ಸುತ್ತು ಓಡಿ, ಮಿನಾರದ ಮೆಟ್ಟಿಲು ಹತ್ತಿ, ಮೇಲಿನಿಂದ...

"ಸುಳ್ಳು," ಎನ್ನುತ್ತಿದ್ದಾನೆ ಇಲ್ಲೇ ಪಕ್ಕದಲ್ಲಿ ರಜಾಯಿಯ ಅಂಚು ಹೊಲಿಯುತ್ತ ಕೂತ ಮೂವತ್ತರ ಗಂಡಸೊಬ್ಬ. ಸೂಜಿಯಿಂದ ಕಣ್ಣು ಸಹ ಎತ್ತಿಲ್ಲ. "ಸರಿಯಾಗಿ ಹೇಳಪ್ಪ."

ಸರಿ, ಹೇಳುತ್ತೇನೆ. ಬುರ್ಹಾನ್ ಬೇರೆ ಯಾರೂ ಅಲ್ಲ, ನಾನೇ. ರೂಪದ ವಿಷಯವೂ ಒಂಟೆಯ ವಿಷಯವೂ ಸ್ವಲ್ಪ ಹಿಂಜಿದ್ದು. ರೆಮ್ಜಿ ನಡೆದದ್ದು ಅದಾಗಿ ಮೂರು ತಿಂಗಳ ಮೇಲೆ, ಒಂದು ಮಂಗಳವಾರ. ನಾನು ಚಹಾದಂಗಡಿಯಲ್ಲಿ ಕೂತು, ನನ್ನ ಮಗ ಆಗಲೇ ನಡೆಯುತ್ತಾನೆ ಎಂದು ಜನರನ್ನು ನಂಬಿಸುತ್ತಿದ್ದ ಹೊತ್ತಿಗೆ, ಅವನು ನಿಜವಾಗಿಯೂ ಹೊಸ್ತಿಲು ದಾಟಿ ಬೀದಿಗೆ ನಡೆದು ಬಂದನಂತೆ. ಶಾಬಾನ್ ನೋಡಿದ, ಶಾಹೆಂದೆ ಅತ್ತೆ ನೋಡಿದಳು, ಬೀದಿಯ ಬೆಕ್ಕುಗಳೂ ನೋಡಿದವು. ಮುಜೆಯ್ಯೆನ್ ಏದುಸಿರು ಬಿಡುತ್ತ ಓಡಿ ಬಂದು, "ಏಳ್ರೀ, ನಡೀತಿದಾನೆ, ಬನ್ರೀ ಬೇಗ!" ಎಂದಳು.

ನಾನು ಚಹಾದ ಲೋಟದಿಂದ ಕಣ್ಣು ಸಹ ಎತ್ತದೆ, "ಸುಳ್ಳು" ಎಂದೆ.