ಸೋಡಾ ಬಾಟಲಿಗಳ ನಡುವೆ ತಾವು ಸುಮ್ಮನಿದ್ದ ವಿಷಯ

ಮಲಪನಗುಡಿ,
ಶುಕ್ರವಾರ, ದೀಪ ಹಚ್ಚುವ ಹೊತ್ತು

ಗೆ,
ಮಾನ್ಯ ಔಬೈನ್ ಅವರು,
ಕಂದು ಬಣ್ಣದ ಪುಟ್ಟ ಸೀಸೆ, ಕಪಾಟಿನ ಎರಡನೇ ಗೂಡು,
ಕಾಲೇಜಿನ ಪ್ರಯೋಗಶಾಲೆ, ಹೊಸಪೇಟೆ.

ಮಾನ್ಯರೇ,

ಗಾದಿಲಿಂಗಪ್ಪನವರ ಹೆಂಡತಿ, ನಾಲ್ಕನೇ ಕ್ಲಾಸಿನವರೆಗೆ ಓದಿದ, ಎಪ್ಪತ್ತೊಂದು ತುಂಬಿದ ಚೆನ್ನಬಸಮ್ಮ ಮಾಡುವ ಶರಣು ಶರಣಾರ್ಥಿಗಳು. ತಾವು ಸೀಸೆಯೊಳಗೆ ಬಿಳಿ ಪುಡಿಯಾಗಿ ಕ್ಷೇಮದಿಂದಿದ್ದೀರಿ, ಬಿರಡೆ ಬಿಗಿಯಾಗಿದೆ, ಕಪಾಟಿಗೆ ಬಿಸಿಲು ಬೀಳುತ್ತಿಲ್ಲ ಎಂದು ನಂಬಿದ್ದೇನೆ. ಆಫ್ರಿಕಾದ ಕಡೆ ತಮ್ಮ ಮನೆತನದವರು ವಿಷವಾಗಿ ಬಾಣದ ತುದಿಗೆ ಹತ್ತಿಕೊಂಡು ಹೋಗಿ ಆನೆಗಳನ್ನೇ ಕೆಡವುತ್ತಿದ್ದರೆಂದು ಕೇಳಿದ್ದೇನೆ. ಅಂಥವರ ಮೇಲೆ ದೂರು ಬರೆಯುವಷ್ಟು ದೊಡ್ಡವಳು ನಾನಲ್ಲ. ಆದರೂ ರೊಟ್ಟಿ ಬಡಿದದ್ದಾಗಿದೆ, ಕೈ ಖಾಲಿ ಇದೆ, ಮೊಮ್ಮಗಳ ಪೆನ್ನು ಎದುರಿಗೇ ಬಿದ್ದಿದೆ, ಆದ್ದರಿಂದ ಬರೆಯುತ್ತಿದ್ದೇನೆ. ತಮಗೆ ಓದಲು ಬಾರದ ಕಾರಣ ಯಾರಾದರೂ ಓದಿ ಹೇಳಬೇಕಾಗುತ್ತದೆ, ಹೇಗೂ ನಾಲ್ಕು ಜನಕ್ಕೆ ಗೊತ್ತಾಗುವುದೇ ಎಂದು ಬಹಿರಂಗವಾಗಿಯೇ ಬರೆದಿದ್ದೇನೆ.

ತಮಗೂ ನಮಗೂ ಪರಿಚಯವಾದದ್ದು ನನ್ನ ಮೊಮ್ಮಗಳು ಗಂಗಾಂಬಿಕಾಳಿಂದ. ಅವಳು ಹೊಸಪೇಟೆಯಲ್ಲಿ ಎಂ.ಎಸ್ಸಿ. ಓದುತ್ತಾಳೆ, ಕೊನೆಯ ವರ್ಷ ಒಂದು ಪ್ರಯೋಗ ಮಾಡಿ ಪುಸ್ತಕ ಬರೆದುಕೊಡಬೇಕು. ಕೆಂಪು ರಕ್ತಕಣಗಳ ಗೋಡೆ ದಾಟಿ ಲವಣಗಳು ಹೇಗೆ ಹೋಗಿಬರುತ್ತವೆ, ಅದನ್ನು ತಮ್ಮಂಥ ತಡೆಗಾರರು ಹೇಗೆ ನಿಲ್ಲಿಸುತ್ತಾರೆ ಎಂಬುದು ಅವಳು ಹಿಡಿದ ವಿಷಯ. ರಕ್ತ ಬೇಕೆಂದಾಗ ಅವಳಪ್ಪ ಸೂಜಿ ನೋಡಿ ಹೊಲದ ಕೆಲಸ ನೆನಪು ಮಾಡಿಕೊಂಡ. ನಾನು ತೋಳು ಚಾಚಿದೆ.

ಅವಳು ನನಗೆ ತಿಳಿಸಿ ಹೇಳಿದ್ದು ಇಷ್ಟು. ಒಂದೊಂದು ಕಣದ ಗೋಡೆಯಲ್ಲೂ ಕಾವಲುಗಾರರಿದ್ದಾರೆ. ಒಳಗೆ ನುಸುಳಿದ ಸೋಡಿಯಂ ಮೂರನ್ನು ಹೊರಗೆ ದಬ್ಬಿದರೆ, ಹೊರಗೆ ಬಿದ್ದ ಪೊಟ್ಯಾಸಿಯಂ ಎರಡನ್ನು ಒಳಗೆ ತರುತ್ತಾರೆ. ಗೋಡೆಯಲ್ಲಿ ಸಂದುಗಳಿರುವುದರಿಂದ ಪೊಟ್ಯಾಸಿಯಂ ಸೋರುತ್ತಲೇ ಇರುತ್ತದೆ, ಇವರು ಮರಳಿ ತರುತ್ತಲೇ ಇರುತ್ತಾರೆ, ನಮ್ಮ ಸೊಸೆ ತುಡುಗು ಎಮ್ಮೆಯನ್ನು ದಿನಕ್ಕೆ ಹತ್ತು ಸಲ ಎಳೆದು ತಂದು ಗೂಟಕ್ಕೆ ಕಟ್ಟುವ ಹಾಗೆ. ತಾವು ಬಂದಿರೆಂದರೆ ಆ ಕಾವಲುಗಾರರ ಕೈ ಹಿಡಿದುಕೊಂಡು ಕೂತುಬಿಡುತ್ತೀರಿ. ತರುವುದು ನಿಲ್ಲುತ್ತದೆ, ಸೋರುವುದು ನಡೆಯುತ್ತದೆ. ಹೀಗಾಗಿ ತಾವಿರುವ ಕೊಳವೆಯ ತಿಳಿನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು ಇರಬೇಕು, ತಾವಿಲ್ಲದ ಕೊಳವೆಯಲ್ಲಿ ಕಡಿಮೆ ಇರಬೇಕು. ಆ ವ್ಯತ್ಯಾಸವೇ ಅವಳ ಆರು ತಿಂಗಳ ದುಡಿಮೆ.

ಹೋದ ವಾರ ಪ್ರಯೋಗಶಾಲೆಯ ಬಿಸಿನೀರಿನ ಪೆಟ್ಟಿಗೆ ಕೆಟ್ಟಿತು. ಈ ಶುಕ್ರವಾರದೊಳಗೆ ಫಲಿತಾಂಶ ತೋರಿಸದಿದ್ದರೆ ವಿಷಯ ಬಿಟ್ಟು, ನಾಲ್ಕು ಪುಸ್ತಕ ನೋಡಿ ಐದನೆಯದನ್ನು ಬರೆದುಕೊಡಬೇಕಿತ್ತು. ಅದಕ್ಕೇ ಭಾನುವಾರ ನನ್ನ ರಕ್ತದ ಎರಡು ಕೊಳವೆಗಳನ್ನು, ಒಂದರಲ್ಲಿ ತಮ್ಮನ್ನೂ ಬೆರೆಸಿ, ಮನೆಗೆ ತಂದು, ಬಚ್ಚಲ ಕಟ್ಟೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಬಿಸಿನೀರು ತುಂಬಿ, ಅದರಲ್ಲಿ ನಿಲ್ಲಿಸಿ, ಉಷ್ಣ ನೋಡುವ ಕಡ್ಡಿ ತೂಗುಬಿಟ್ಟು, ಟಿಪ್ಪಣಿ ತರಲು ಹೊಸಪೇಟೆಗೆ ಹೊರಟಳು. ಹೋಗುವಾಗ ನನಗೆ ಹೇಳಿದ್ದು ನಿಜ: "ಅಜ್ಜಿ, ಕಡ್ಡಿ ಮೂವತ್ತೇಳಕ್ಕ ಇರ್ಲಿ. ಹಾಲಿಗೆ ಹೆಪ್ಪು ಹಾಕೋವಾಗ ಬೆರಳಿಗೆ ಎಷ್ಟು ಬಿಸಿ ಹತ್ತತೈತಿ, ಅಷ್ಟ. ಆರಿದ್ರ ಚೂರು ಬಿಸಿನೀರು ಹಾಕು."

ಬೆರಳಿನಿಂದ ಬಿಸಿ ಹಿಡಿಯಲು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನಮ್ಮ ಯಜಮಾನರಿಗೆ ಆಪರೇಷನ್ ಆದಾಗ ರಕ್ತದ ಚೀಲ ಬಂದದ್ದು ಐಸಿನ ಡಬ್ಬಿಯಲ್ಲಿ, ಅದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ಮಾತಾಡುತ್ತ ನಿಂತ ನನ್ನ ಮಗನಿಗೆ ನರ್ಸಮ್ಮ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಏನಪ್ಪಾ, ರಕ್ತ ಅಂದ್ರ ಚಾ ಅಂತ ತಿಳ್ಕೊಂಡೀಯೇನು, ಬಿಸಿ ಮಾಡಾಕ? ಜಲ್ದಿ ಕೊಡು ಇಲ್ಲಿ." ಅಂದ ಮೇಲೆ ರಕ್ತ ಉಳಿಯುವುದು ತಂಪಿನಲ್ಲಿ. ಓದಿ ಓದಿ ಸುಸ್ತಾದ ಹುಡುಗಿ ಮರೆತಿದ್ದಾಳೆ, ನಾನು ಸರಿಪಡಿಸೋಣ ಎಂದುಕೊಂಡೆ. ಮನೆಯ ಫ್ರಿಜ್ಜಿನಲ್ಲಿ ಇಡುವ ಹಾಗಿಲ್ಲ. ಹಾಲು, ಮೊಸರು, ಲಿಂಗಪೂಜೆಯ ಹೂವು ಇರುವ ಕಡೆ ರಕ್ತವನ್ನು, ಅದು ನನ್ನದೇ ಆದರೂ, ನಮ್ಮ ಮನೆಯಲ್ಲಿ ಇಡುವುದಿಲ್ಲ. ಎರಡೂ ಕೊಳವೆಗಳನ್ನು ಸ್ಟೀಲಿನ ಡಬ್ಬಿಗೆ ಹಾಕಿ, ಎದುರಿನ ಅಂಗಡಿಯ ಎರ್ರಿಯಪ್ಪನಿಗೆ ಕೊಟ್ಟು, "ನನ್ನ ಔಷಧ ಐತಪ್ಪಾ, ಐಸಿನಾಗ ಇಡು, ಮುಚ್ಚಳ ತೆಗಿಬ್ಯಾಡ" ಅಂದೆ. ಅವನು ಸೋಡಾ ಬಾಟಲಿ ಸರಿಸಿ ಜಾಗ ಮಾಡಿದ. ಹತ್ತರಿಂದ ನಾಲ್ಕರವರೆಗೆ ತಾವು ಅಲ್ಲಿದ್ದಿರಿ. ಗಂಗಾ ಬರುವುದರೊಳಗೆ ಡಬ್ಬಿ ತಂದು, ಕೊಳವೆಗಳನ್ನು ಮತ್ತೆ ಬಿಸಿನೀರಿನಲ್ಲಿ ನಿಲ್ಲಿಸಿ, ಕಡ್ಡಿ ಮೂವತ್ತೇಳು ತೋರಿಸುವುದನ್ನು ನೋಡಿ, ಮೊಮ್ಮಗಳಿಗೆ ಉಪಕಾರ ಮಾಡಿದೆನೆಂದು ಚಹಾ ಕುಡಿದೆ.

ಸೋಮವಾರ ಕಾಲೇಜಿನಲ್ಲಿ ಕೊಳವೆಗಳನ್ನು ಗಿರಗಿರ ತಿರುಗಿಸಿ, ಮೇಲೆ ನಿಂತ ತಿಳಿನೀರನ್ನು ಪೊಟ್ಯಾಸಿಯಂ ಅಳೆಯುವ ಜ್ವಾಲೆಯ ಯಂತ್ರಕ್ಕೆ ಹಾಯಿಸಿದರೆ ಎರಡರದ್ದೂ ಒಂದೇ ಲೆಕ್ಕ. ಅವಳ ಗುರುಗಳಾದ ಲಿಂಗರಾಜ್ ಸರ್ ಅಂದರಂತೆ: "ಒಂದಾ ಔಷಧ ಕೆಟ್ಟೈತಿ, ಇಲ್ಲಾ ನಿಮ್ಮಜ್ಜಿ ರಕ್ತ ಭಾಳ ಹಳೇದಾಗೈತಿ ನೋಡವಾ." ಇದನ್ನು ಕೇಳಿ ಬಂದ ಹುಡುಗಿ ಊಟ ಬಿಟ್ಟಳು, ನಾನು ನಿದ್ದೆ ಬಿಟ್ಟೆ. ಅವಳು ಅತ್ತದ್ದು ಆರು ತಿಂಗಳಿಗಾಗಿ. ನಾನು ಎದ್ದು ಕೂತದ್ದು ಆ ಹಳೇ ರಕ್ತ ಎಂಬ ಮಾತಿಗೆ.

ಮಂಗಳವಾರ ಅವಳು ತಾಯಿಯ ಮುಂದೆ ಕೂತು, "ತಂಪಿನಾಗ ಇಟ್ಟಿದ್ರ ಹಿಂಗ ಆಗತೈತವ್ವಾ. ಚಳಿಗೆ ಕಾವಲುಗಾರ ಮಲಗಿಬಿಡ್ತಾನ, ಮಲಗಿದವನ ಕೈ ಕಟ್ಟಿದ್ರೇನು, ಬಿಟ್ರೇನು, ಎರಡೂ ಒಂದ. ಆದ್ರ ನಾ ಬಿಸಿನೀರಾಗ ಇಟ್ಟಿದ್ನಲ್ಲ" ಅಂದಳು. ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಹರಿಯಿತು.

ಮಾನ್ಯರೇ, ನನ್ನ ದೂರು ಇರುವುದು ಇಲ್ಲಿಯೇ. ನಾನು ಆ ದಿನ ಪೂರ್ತಿ ಬಾಯಿ ಬಿಡಲಿಲ್ಲ, ಒಪ್ಪುತ್ತೇನೆ; ನನಗೆ ಮರ್ಯಾದೆಯ ಭಯ, ವಯಸ್ಸಾಗಿದೆ, ಬೀಗರಿದ್ದಾರೆ. ಆದರೆ ತಮಗೇನಾಗಿತ್ತು. ಆರು ತಾಸು ಐಸಿನಲ್ಲಿ ಕೂತು ಎಲ್ಲವನ್ನೂ ಕಣ್ಣಾರೆ ಕಂಡವರು ತಾವು. ಆ ಹುಡುಗಿ ತಮ್ಮ ಸೀಸೆಯ ಮೇಲೆ 'ಕೆಟ್ಟಿದೆ' ಎಂದು ಚೀಟಿ ಅಂಟಿಸಲು ಹೊರಟಾಗಲೂ ಒಂದು ಮಾತು ಆಡಲಿಲ್ಲ. ಇಂಥ ಸಂಯಮ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ. ಜಗತ್ತಿನ ಇಷ್ಟು ಬಾಗಿಲುಗಳಲ್ಲಿ ಒಂದೇ ಬಾಗಿಲು ಆರಿಸಿ, ಪಕ್ಕದ ಬಾಗಿಲಿಗೆ ಇಣುಕದೆ ಕೂರುವ ತಮ್ಮ ಶಿಸ್ತಿಗೆ ಎಷ್ಟು ಹೊಗಳಿದರೂ ಸಾಲದು. ತಮ್ಮಂಥ ಒಬ್ಬರನ್ನು ನನ್ನ ಮಗಳನ್ನು ಕೊಟ್ಟ ವಡ್ಡು ಊರಿಗೆ ಕಳಿಸಿಕೊಟ್ಟರೆ ಅವಳ ಕಿಟಕಿಯಲ್ಲಿ ಕೂತು ಗಣಿ ಲಾರಿಗಳ ಕೆಂಧೂಳನ್ನು ತಡೆಯಬಹುದು. ಇನ್ನೊಬ್ಬರು ನಮ್ಮ ಅಂಗಳಕ್ಕೆ ಬೇಕು: ಹಂಪಿಯ ದಾರಿ ಕೇಳಲು ಮೂರು ಜನ ಒಳಗೆ ಬಂದು ಎಮ್ಮೆಯ ಫೋಟೊ ತೆಗೆದರೆ ಹೊರಗೆ ಹೋಗುವವರು ಇಬ್ಬರೇ, ಒಬ್ಬರು ಚಹಾಕ್ಕೆ ಕೂತೇಬಿಡುತ್ತಾರೆ.

ತಾವು ಹೇಳದ್ದನ್ನು ಕಡೆಗೆ ನಾನೇ ಹೇಳಬೇಕಾಯಿತು. ಬುಧವಾರ ಬೆಳಿಗ್ಗೆ ಅವಳ ಕೈಯಿಂದ ಆ ಚೀಟಿ ತೆಗೆದುಕೊಂಡು ಎಲ್ಲ ಹೇಳಿದೆ. ಅವಳು "ಸೋಡಾದ ಜೊತಿಗೇನಜ್ಜಿ?" ಅಂದಳು. "ಸೋಡಾದ ಜೊತಿಗೆ. ಕಲ್ಲಂಗಡಿ ಹಣ್ಣೂ ಇತ್ತು" ಅಂದೆ. ನಗುವುದೋ ಬೈಯುವುದೋ ತಿಳಿಯದೆ ಎರಡನ್ನೂ ಮಾಡಿದಳು. "ಸರ್ ಮುಂದ ನಾ ಏನಂತ ಹೇಳ್ಲಿ?" ಅಂದಾಗ ಹೊಸ ಸೀರೆ ಉಟ್ಟು ನಾನೇ ಬಸ್ಸು ಹತ್ತಿದೆ.

ಲಿಂಗರಾಜ್ ಸರ್ ಕುರ್ಚಿ ಕೊಟ್ಟರು. ಕೂರುವ ಮೊದಲೇ ಅಂದೆ: "ಸರ್ರ, ನಿಮ್ಮ ಔಷಧ ಕೆಟ್ಟಿಲ್ಲ, ನನ್ನ ರಕ್ತಾನೂ ಹಳೇದಾಗಿಲ್ಲ. ಕೆಂಪು ಕಣ ನೂರಾ ಇಪ್ಪತ್ತು ದಿನ ಬದುಕತೈತಿ ಅಂತ ನಿಮ್ಮ ಪುಸ್ತಕದಾಗ ಐತಂತಲ್ರಿ. ನನ್ನ ರಕ್ತದ ವಯಸ್ಸು ನಿಮ್ಮದರಷ್ಟ." ಅವರು ಕನ್ನಡಕ ತೆಗೆದು ಒರೆಸಿದರು. "ಅಮ್ಮಾ, ನೀವು ಬರದಿದ್ರ ಈಕಿ ಒಳ್ಳೆ ಔಷಧಾನ ಚೆಲ್ಲಿಬಿಡ್ತಿದ್ಲು. ತೋಳು ಕೊಡ್ರಿ, ಇನ್ನೊಮ್ಮೆ ನೋಡೋಣು. ಈ ಸಲ ಮೂರು ಕೊಳವಿ ಇಡೋಣು, ಒಂದು ಬೇಕಂತ ಐಸಿನಾಗ" ಅಂದರು.

ಗುರುವಾರ ಬಚ್ಚಲ ಕಟ್ಟೆಯ ಪಕ್ಕ ಸ್ಟೂಲು ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತೆ. ಬೆರಳು ಅದ್ದಿ ನೋಡುವುದು, ಕಡ್ಡಿ ನೋಡುವುದು, ಚೊಂಬಿನಿಂದ ಬಿಸಿನೀರು ಬಿಡುವುದು. ಯಾರನ್ನೂ ಹತ್ತಿರ ಬಿಡಲಿಲ್ಲ, ಸ್ನಾನಕ್ಕೆ ಬಂದ ಮಗನನ್ನೂ. ಇವತ್ತು ಮಧ್ಯಾಹ್ನ ಗಂಗಾಳ ಫೋನು ಬಂತು. "ಅಜ್ಜಿ, ಬ್ಯಾರೆ ಬ್ಯಾರೆ ಬಂತು" ಅಂದಳು. ತಾವಿದ್ದ ಕೊಳವೆಯಲ್ಲಿ ಪೊಟ್ಯಾಸಿಯಂ ಸೋರಿ ನಿಂತಿತ್ತು, ತಾವಿಲ್ಲದ್ದರಲ್ಲಿ ಕಾವಲುಗಾರ ಎಲ್ಲವನ್ನೂ ಒಳಗೆ ಕಟ್ಟಿಹಾಕಿದ್ದ, ಬೇಕೆಂದೇ ಐಸಿನಲ್ಲಿಟ್ಟ ಮೂರನೆಯದರಲ್ಲಿ ಅವನು ಮಲಗಿಯೇ ಇದ್ದ. ವಿಷಯ ಉಳಿಯಿತು.

ಸಂಜೆ ಅವಳು ಬರೆದದ್ದನ್ನು ಓದಿ ಹೇಳಿದಳು. ಮೊದಲ ಪ್ರಯೋಗದ ಬಗ್ಗೆ 'ಮಾದರಿಗಳು ಆಕಸ್ಮಿಕವಾಗಿ ತಣ್ಣಗಾದವು' ಎಂದು ಹಾಕಿದ್ದಳು, ನನ್ನ ಮಾನ ಉಳಿಸಲು. ತಾವು ಸುಮ್ಮನಿದ್ದದ್ದಕ್ಕೆ ಬೈಯಲು ಕೂತವಳು ನಾನೇ ಆ ಮಾತಿನ ಹಿಂದೆ ಸುಮ್ಮನಿದ್ದರೆ ಹೇಗೆ. ಅದನ್ನು ಹೊಡೆದುಹಾಕಿಸಿ, 'ಅಜ್ಜಿ ಚೆನ್ನಬಸಮ್ಮ ಐಸಿನಲ್ಲಿ ಇಟ್ಟರು' ಎಂದು ಬರೆಸಿದ್ದೇನೆ. ಆ ಪುಸ್ತಕದಲ್ಲಿ ತಮ್ಮ ಹೆಸರು ಅರವತ್ತು ಸಲ ಇದೆ, ನನ್ನದು ಒಂದೇ ಸಲ, ಅದೂ ತಪ್ಪಿನ ಜಾಗದಲ್ಲಿ. ತಾವು ಸ್ವಲ್ಪ ಸರಿದು ಕೂತು ಆ ಒಂದು ಸಾಲಿಗೆ ಗಾಳಿ ಬೆಳಕು ಬಿಡಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ಚೆನ್ನಬಸಮ್ಮ

ತಾ.ಕ.: ನಾನು ಬಿ.ಪಿ.ಗೆ ದಿನಾ ಬೆಳಿಗ್ಗೆ ನುಂಗುವ, ತಾಸಿಗೊಮ್ಮೆ ಬಚ್ಚಲಿಗೆ ಓಡಿಸುವ ನೀರಿನ ಮಾತ್ರೆಯೂ ತಮ್ಮದೇ ಕಸುಬಿನದು, ಮೂತ್ರಪಿಂಡದ ಬೇರೊಂದು ಬಾಗಿಲಲ್ಲಿ ಕೂತು ಲವಣ ತಡೆಯುತ್ತದೆ ಎಂದು ಗಂಗಾ ಹೇಳಿದಳು. ಬರುವ ಭಾನುವಾರ ಕಂಪ್ಲಿಯಲ್ಲಿ ಮದುವೆ ಇದೆ. ಬಸ್ಸು ನಡುವೆ ಎಲ್ಲೂ ನಿಲ್ಲುವುದಿಲ್ಲ, ನಿಂತರೂ ಗಂಡಸರು ಮಾತ್ರ ಇಳಿಯುತ್ತಾರೆ. ಆ ಒಂದು ದಿನ ರಜೆ ಹಾಕಲು ತಮ್ಮ ಆ ಸಂಬಂಧಿಕರಿಗೆ ದಯವಿಟ್ಟು ಹೇಳಿ. ಹೇಳುವುದಕ್ಕೂ ಬಾಯಿ ಬರುವುದಿಲ್ಲವೆಂದರೆ, ಬಸ್ಸಿನ ಡ್ರೈವರನಿಗೂ ಒಂದು ಮಾತ್ರೆ ಕೊಡಿ.